ಮೇಲಿನ ಬಾಗಿಲು, ಕೆಳಗಿನ ಬಾಗಿಲು

ಮಿಲ್ವಾಕಿಯ ದಕ್ಷಿಣ ಬದಿಯಲ್ಲಿ ಯಾರೇ ವಿಮಾನ ಹತ್ತುವುದಿದ್ದರೂ ಮೊದಲು ಲವೋನ್ ಡ್ರೆಕ್ಸ್‌ಲರ್‌ಗೆ ಫೋನು ಮಾಡುತ್ತಿದ್ದರು, ಟಿಕೆಟ್ ತೆಗೆಯುವುದು ಆಮೇಲೆ. ಶಾಲೆಗಳ ಬ್ಯಾಂಡಿಗೆ ಸಮವಸ್ತ್ರ ಮಾರುವುದು ಅವಳ ಕೆಲಸ. ಹೊಳೆಯುವ ಗುಂಡಿಯ ಕೋಟು, ಗರಿ ಸಿಕ್ಕಿಸಿದ ಟೋಪಿ, ಹೀಗೆ ಒಂದಷ್ಟು ಮಾದರಿಗಳನ್ನು ಹೆಗಲ ಚೀಲಕ್ಕೆ ತುರುಕಿಕೊಂಡು ಅರ್ಧ ಆಯುಷ್ಯ ದೇಶದ ಮೇಲೆಲ್ಲ ಹಾರಿದವಳು. ಆ ಚೀಲವನ್ನು ಅವಳು ಒಂದು ಸಲವೂ ಸಾಮಾನಿನ ಬೆಲ್ಟಿಗೆ ಹಾಕಿದ್ದಿಲ್ಲ. ಕೊಟ್ಟ ಚೀಲ ಕೊಟ್ಟ ಸಾಲದ ಹಾಗೆ, ವಾಪಸು ಬಂದರೆ ಪುಣ್ಯ ಎನ್ನುತ್ತಿದ್ದಳು.

ವಿಮಾನ ನಿಲ್ದಾಣಗಳಿಗೆ ಅವಳು ಮಾರ್ಕು ಕೊಡುವ ರೀತಿಯೇ ಬೇರೆ. ಗಾಜಿನ ಗೋಪುರಕ್ಕೆ, ನೀರಿನ ಕಾರಂಜಿಗೆ ಸೊನ್ನೆ. ಮೊದಲು ಹೆಂಗಸರ ಶೌಚಾಲಯಕ್ಕೆ ಹೋಗಿ ಬಾಗಿಲ ಹಿಂದೆ ಚೀಲ ನೇತುಹಾಕಲು ಕೊಕ್ಕೆ ಇದೆಯೇ ಎಂದು ನೋಡುತ್ತಿದ್ದಳು.

“ಕೊಕ್ಕೆ ಇಲ್ಲ ಅಂದ್ರೆ ಏನರ್ಥ? ಅದನ್ನ ಕಟ್ಟಿಸಿದೋನು ಯಾವತ್ತೂ ಹೆಂಡ್ತಿನ ಕರ್ಕೊಂಡು ಎಲ್ಲಿಗೂ ಹೋಗಿಲ್ಲ ಅಂತ.”

ಆಮೇಲೆ ಕುರ್ಚಿ. ಎರಡು ಕುರ್ಚಿಗಳ ನಡುವೆ ಕಬ್ಬಿಣದ ತೋಳು ಇಟ್ಟು ಮಲಗಲು ಬಿಡದವರನ್ನು ಅವಳು ಮನುಷ್ಯರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ. ಅವಳ ಪ್ರಕಾರ ಮಿನಿಯಾಪೊಲಿಸ್ ಮೊದಲನೆಯದು. ಪೋರ್ಟ್‌ಲ್ಯಾಂಡ್ ಅದರ ಬೆನ್ನಿಗೇ ಇದೆ. ತೂಗುಕುರ್ಚಿ ಹಾಕಿದ ಪುಣ್ಯಕ್ಕೆ ಶಾರ್ಲಟ್‌ನ ಬೇರೆ ಪಾಪಗಳೆಲ್ಲ ಮಾಫಿ. ಎಲ್ಲಕ್ಕಿಂತ ಕೆಟ್ಟದ್ದು ಯಾವುದೆಂದು ಮಾತ್ರ ಅವಳು ಬಾಯಿಬಿಡುತ್ತಿರಲಿಲ್ಲ. ಹಳೆಯ ಕಾಲದ ಹೆಂಡತಿಯರು ಗಂಡನ ಹೆಸರು ಹೇಳದ ಹಾಗೆ ‘ಅದು’ ಎನ್ನುತ್ತಿದ್ದಳು, ಅಷ್ಟೆ. ಪಕ್ಕದ ಮನೆಯ ಮಾರ್ಜ್ ಒಮ್ಮೆ, “‘ಅದರಲ್ಲಿ’ ಇಳಿದು ಬೇರೆ ವಿಮಾನ ಹಿಡೀಬೇಕಂತೆ ಕಣೇ” ಎಂದಾಗ, “ನಡ್ಕೊಂಡು ಹೋಗಿಬಿಡು ಮಾರಾಯ್ತಿ, ಬೇಗ ತಲುಪ್ತೀಯ” ಎಂದಿದ್ದಳು.

ಇಂಥವಳನ್ನು ಪ್ರತಿ ಸಲ ನಿಲ್ದಾಣಕ್ಕೆ ಬಿಟ್ಟು, ಮತ್ತೆ ಕರೆತರುತ್ತಿದ್ದವನು ಎದುರುಮನೆಯ ಎಲ್ಡನ್ ಟೆಶ್. ಬಿಯರ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಜನ್ಮದಲ್ಲಿ ವಿಮಾನ ಹತ್ತಿದವನಲ್ಲ. ಈ ಊರಲ್ಲಿ ಊಟಕ್ಕೆ ಕರೆಯುವವರು ಬೇಕಾದಷ್ಟು ಸಿಗುತ್ತಾರೆ. ಹಿಮ ಬೀಳುವಾಗ ಎದ್ದು, ಕಾರಿನ ಗಾಜು ಕೆರೆದು, ನಿಲ್ದಾಣಕ್ಕೆ ಬಿಟ್ಟುಬರುವವರು ಸಿಗುವುದು ಕಷ್ಟ. ಅದು ಲವೋನಳಿಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇದ್ದಳು.

ಶುಕ್ರವಾರ ಸಂಜೆ ನಿಲ್ದಾಣದ ಕೆಳಂತಸ್ತಿನಲ್ಲಿ, ಬಂದಿಳಿದವರ ಬಾಗಿಲಲ್ಲಿ ಕಾರುಗಳು ಒಂದರ ಬಾಲ ಒಂದು ಮೂಸುತ್ತ ನಿಂತಿರುತ್ತವೆ. ಬಲ್ಲವರು ಮೇಲಂತಸ್ತಿನಲ್ಲಿ, ಹೊರಡುವವರ ಬಾಗಿಲಲ್ಲಿ ಭೇಟಿಯಾಗುತ್ತಾರೆ. ಇವರಿಬ್ಬರದೂ ಅದೇ ರೂಢಿ. ಅಲ್ಲಿಂದ ನೇರ ಶುಕ್ರವಾರದ ಕರಿದ ಮೀನಿಗೆ, ಜೊತೆಗೆ ಆಲೂಗಡ್ಡೆಯ ದೋಸೆ, ಒಂದೊಂದು ಬಿಯರು.

“ನಿನ್ನ ಲೆಕ್ಕದಲ್ಲಿ ನಮ್ಮೂರಿನ ನಿಲ್ದಾಣ ಎಷ್ಟನೇದು?” ಎಂದು ಎಲ್ಡನ್ ಆಗಾಗ ಕೆಣಕುತ್ತಿದ್ದ.

“ಅದೂ ಒಂದು ನಿಲ್ದಾಣಾನಾ? ನಿನ್ನ ಕಾರು ನಿಲ್ಲೋ ಜಾಗ.”

ಹಿತ್ತಲ ಗಿಡ ಮದ್ದಲ್ಲವಲ್ಲ.

ಕೊನೆಗೆ ಅವಳ ನಿವೃತ್ತಿಯೂ ಬಂತು. ಕಡೆಯ ಪ್ರಯಾಣದ ದಿನ ಮೇಲಿನ ಬಾಗಿಲಲ್ಲಿ ಕಾರು ನಿಲ್ಲಿಸಿ ಎಲ್ಡನ್ ಸ್ಟಿಯರಿಂಗ್ ಹಿಡಿದೇ ಕೂತಿದ್ದ.

“ಇದು ಮುಗೀತು ಅಂದ್ರೆ, ಇನ್ಮೇಲೆ ಏನು ಲವೋನ್?”

“ಇನ್ಮೇಲೆ ನಿನ್ನ ಪೆಟ್ರೋಲು ಉಳೀತು,” ಎಂದು ನಕ್ಕು ಇಳಿದಳು.

ಅವನು ನಗಲಿಲ್ಲ. ತಲೆಯಾಡಿಸಿ ಹೊರಟುಹೋದ.

ಅವನ ಆ ಪ್ರಶ್ನೆ ಅವಳನ್ನು ಊರೂರಿಗೂ ಹಿಂಬಾಲಿಸಿತು. ವಾಪಸು ಬರುವಾಗ ಹಣೆಬರಹ, ‘ಅದರಲ್ಲೇ’ ಸಿಕ್ಕಿಹಾಕಿಕೊಂಡಳು. ಕಬ್ಬಿಣದ ತೋಳುಗಳ ನಡುವೆ ಮುದುಡಿ ಕೂತಾಗ ಒಂದು ವಿಷಯ ಸ್ಪಷ್ಟವಾಯಿತು. ಇಷ್ಟು ವರ್ಷ ಅವಳಿಗೆ ಸೇರುತ್ತಿದ್ದದ್ದು ಹಾರಾಟವಲ್ಲ, ಇಳಿದ ಮೇಲೆ ಆ ಹಳೆಯ ನೀಲಿ ಕಾರು ನಿಂತಿರುವುದು. ಪ್ರಯಾಣವಿಲ್ಲ ಎಂದರೆ ಕಾರೂ ಇಲ್ಲ. ಎದುರುಮನೆಯವನನ್ನು ಕಿಟಕಿಯಿಂದ ನೋಡಿಕೊಂಡಿರಬೇಕು. ಇಳಿದ ತಕ್ಷಣ ಸರಿಯಾಗಿ ಉತ್ತರ ಹೇಳಿಬಿಡಬೇಕು ಅಂದುಕೊಂಡಳು.

ಇಳಿದು ಮೇಲಿನ ಬಾಗಿಲಿಗೆ ಬಂದರೆ ನೀಲಿ ಕಾರು ಇರಲಿಲ್ಲ. ಫೋನು ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು, ಅದೇ ಕತೆ. ಕಾರುಗಳು ಬಂದವು, ಯಾರ್ಯಾರನ್ನೋ ಇಳಿಸಿದವು, ಹೋದವು. ಬೆಂಚಿನ ಮೇಲೆ ಕೂತರೆ ತಣ್ಣಗೆ ಕೊರೆಯಿತು. ದೇಶದ ನಿಲ್ದಾಣಗಳನ್ನೆಲ್ಲ ಅಳೆದವಳು, ಯಾರೂ ಬಾರದ ನಿಲ್ದಾಣ ಹೇಗಿರುತ್ತದೆ ಎಂದು ನೋಡಿರಲಿಲ್ಲ. ‘ಅದಕ್ಕಿಂತ’ ಇದು ಕೆಟ್ಟದು ಅನ್ನಿಸಿ ಅಳು ಬಂತು. ಪಾಪ, ಬೇಸತ್ತುಹೋದ, ಅವನ ತಪ್ಪೇನಿದೆ ಎಂದುಕೊಂಡು ಟ್ಯಾಕ್ಸಿ ಹಿಡಿಯಲು ಕೆಳಗಿಳಿದಳು.

ಕೆಳಗೆ ಸಾಮಾನಿನ ಬೆಲ್ಟು ಖಾಲಿಯಾಗಿ ತಿರುಗುತ್ತಿತ್ತು. ಅದರ ಪಕ್ಕ ಹೊಸ ಸೂಟು ಹಾಕಿಕೊಂಡು, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು, ಎದೆಗೆ ಒಂದು ರಟ್ಟು ಹಿಡಿದು ಎಲ್ಡನ್ ನಿಂತಿದ್ದ. ಊರಿಗೆ ಬಂದವಳು ನೀರಿಗೆ ಬಾರದೆ ಇರುವಳೇ ಎಂಬುದು ಅವನ ಲೆಕ್ಕಾಚಾರ.

“ಇಲ್ಲೇನು ಮಾಡ್ತಿದೀಯ?” ಎಂದಳು ಲವೋನ್. “ನಾನು ಯಾವತ್ತಾದ್ರೂ ಬೆಲ್ಟಿಗೆ ಚೀಲ ಹಾಕಿದ್ದುಂಟಾ?”

ಎಲ್ಡನ್ ಬೆಲ್ಟನ್ನೊಮ್ಮೆ ನೋಡಿದ, ಅವಳ ಹೆಗಲಿನ ಚೀಲವನ್ನೊಮ್ಮೆ ನೋಡಿದ. “ಇಲ್ಲ ಅಲ್ವಾ?” ಎಂದ. “ಎಲ್ರೂ ಇಲ್ಲಿ ನಿಂತು ಕಾಯ್ತಾರೆ. ಇವತ್ತೊಂದಿನ ನಾನೂ ಸರಿಯಾಗಿ ಕಾಯೋಣ ಅಂತ ಬಂದೆ.”

“ಫೋನೆಲ್ಲೋ?”

“ಕಾರಲ್ಲಿ. ಈ ಹಾಳು ಕೋಟಿನ ಜೇಬಿನ ಬಾಯಿ ಹೊಲಿದೇ ಮಾರಿದಾರೆ.”

ಆಗ ಅವಳು ರಟ್ಟು ಓದಿದಳು. ಬಾಡಿಗೆ ಕಾರಿನವರು ಹಿಡಿಯುವ ಹಾಗೆ ದೊಡ್ಡ ಅಕ್ಷರದಲ್ಲಿ, ಅವಳ ಹೆಸರಿಗೆ ತನ್ನ ಮನೆತನದ ಹೆಸರು ಅಂಟಿಸಿ ಬರೆದಿದ್ದ: ಲವೋನ್ ಟೆಶ್.

ಲವೋನ್ ಕಣ್ಣೊರೆಸಿಕೊಂಡಳು. ಸರಿಯಾದ ಉತ್ತರ ಅಂತ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದದ್ದೆಲ್ಲ ಮರೆತುಹೋಗಿತ್ತು.

“ಈ ಹೆಸರಿನೋರು ಯಾರೂ ಈ ವಿಮಾನದಲ್ಲಿ ಬಂದಿಲ್ಲ,” ಎಂದಳು.

“ಹಾಗಾದ್ರೆ ಮುಂದಿನ ವಿಮಾನ ನೋಡ್ತೀನಿ,” ಎಂದ ಎಲ್ಡನ್. “ನಂಗೇನೂ ಅವಸರ ಇಲ್ಲ.”

ಅವಳು ಹೆಗಲ ಚೀಲ ಇಳಿಸಿ, ರಟ್ಟು ಹಿಡಿದು ಮಡಚಿಕೊಂಡಿದ್ದ ಅವನ ತೋಳಿಗೆ ನೇತುಹಾಕಿದಳು. ತೋಳು ಸ್ವಲ್ಪ ಬಾಗಿತು, ಜಗ್ಗಲಿಲ್ಲ.

“ಕೊಕ್ಕೆ ಇದೆ,” ಎಂದಳು. “ನಡಿ, ಮೀನು ಮುಗಿದುಹೋಗತ್ತೆ. ಆ ರಟ್ಟು ಕೊಡು ಇಲ್ಲಿ, ನನ್ನ ಹೆಸರಿರೋದು ನಾನೇ ಇಟ್ಕೊಳ್ತೀನಿ.”