ಕಣ್ಣು ಮುಚ್ಚಿ ಹಚ್ಚಿಸಿಕೊಂಡ ಬಣ್ಣ

ಅವನು ಆ ಹುಡುಗಿಯ ಮೈ ಮುಟ್ಟಿದ್ದು ನಿಜ. ಮುಟ್ಟಬಾರದ ಕಡೆ ಮುಟ್ಟಿದ. ಇದರಲ್ಲಿ ಅಂತೆಕಂತೆ ಏನೂ ಇಲ್ಲ. ಈಗ ಜನ "ಅದೇನೋ ಆಗಿತ್ತಂತೆ, ಹಳೇ ಕತೆ, ಬಿಡಿ" ಅನ್ನುತ್ತಾರೆ. ನಾನು ಬಿಡುವುದಿಲ್ಲ. ಅವತ್ತು ಪರದೆಯ ಈಚೆ ಕೂತು ರಾಜನ ಅಂಗಿಗೆ ಗುಂಡಿ ಹಾಕುತ್ತಿದ್ದವಳು ನಾನು.

ಅವನು ಅಂದರೆ ನಮ್ಮ ನಾಟಕ ಕಂಪನಿಯ ಮಾಲೀಕ. ಅವನ ತಂದೆ ಕಟ್ಟಿದ ಕಂಪನಿ ಅದು. ನನ್ನ ಯಜಮಾನರು ಅಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು, ನಾನು ಬಟ್ಟೆ ಹೊಲಿಯುತ್ತಿದ್ದೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಆದರೆ ಯಾವ ನಾಟಕದಲ್ಲಿ ಯಾರು ಯಾವ ಬಣ್ಣದ ಸೀರೆ ಉಟ್ಟು ಯಾವ ಕಡೆಯಿಂದ ಬರುತ್ತಾರೆ ಅನ್ನೋದು ಇವತ್ತಿಗೂ ಬಾಯಿಗೆ ಬರುತ್ತದೆ.

ಚಾಮರಾಜಪೇಟೆಯ ವಠಾರದಲ್ಲಿ ನಮ್ಮದು ಒಂದೂವರೆ ಕೋಣೆ. ಅರ್ಧ ಕೋಣೆಯ ತುಂಬ ಕಂಪನಿಯ ಬಟ್ಟೆ. ಭಾನುವಾರ ಬೆಳಿಗ್ಗೆ ಪಕ್ಕದ ಬೀದಿಯ ಶಾಲೆಯ ಹಾಲ್‌ನಲ್ಲಿ ತಾಲೀಮು. ನಾನು ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡು ಹೋಗುತ್ತಿದ್ದೆ. ಒಂದು ಮೂಲೆಯಲ್ಲಿ ಯಜಮಾನರು ಶ್ರುತಿ ಹಿಡಿದರೆ ಇನ್ನೊಂದು ಮೂಲೆಯಲ್ಲಿ ಯಾರೋ ಅಳುವುದನ್ನು ಕಲಿಯುತ್ತಿದ್ದರು. ಮಧ್ಯಾಹ್ನಕ್ಕೆ ಶಾವಿಗೆ ಉಪ್ಪಿಟ್ಟು, ಬಾಳೆಹಣ್ಣು. ನಮ್ಮ ಹಾಸ್ಯಗಾರ ಅಣ್ಣ ಅಕ್ಕಿಪೇಟೆಯಿಂದ ನಡೆದೇ ಬರುತ್ತಿದ್ದ, ಜೇಬಿನ ತುಂಬ ಹುರಿದ ಕಡಲೆಕಾಯಿ. ತಾನು ಸುಲಿದು ತಿಂದು ಸಿಪ್ಪೆಯನ್ನು ಮಂತ್ರಿಯ ಪೇಟದೊಳಗೆ ಹಾಕಿಡುತ್ತಿದ್ದ. ಮಂತ್ರಿ ಪೇಟ ಏರಿಸಿದರೆ ಹೆಗಲ ಮೇಲೆಲ್ಲ ಸಿಪ್ಪೆ. ಬೈಯುವವರೂ ನಗುವವರೂ ಸೇರಿ ಗದ್ದಲವೋ ಗದ್ದಲ. ಅಷ್ಟು ಗದ್ದಲ ಈಗ ನಮ್ಮ ವಠಾರದಲ್ಲಿ ಹಬ್ಬದ ದಿನವೂ ಇಲ್ಲ. ಎಲ್ಲರೂ ಬಾಗಿಲು ಹಾಕಿಕೊಂಡು ಟಿವಿ ನೋಡುತ್ತಾರೆ.

ನುಸಿಗುಳಿಗೆ, ಬೆವರು, ಕೊಬ್ಬರಿ ಎಣ್ಣೆ, ಬೆಚ್ಚಗಿನ ಇಸ್ತ್ರಿ ಎಲ್ಲ ಸೇರಿದ ಒಂದು ವಾಸನೆ ನಾವು ವೇಷ ಹಾಕುವ ಬಣ್ಣದ ಮನೆಯಲ್ಲಿ ಇರುತ್ತಿತ್ತು. ಒಳ್ಳೆಯ ವಾಸನೆ ಅಂತ ಹೇಳಲಾರೆ. ಆದರೆ ಯಜಮಾನರು ತೀರಿಕೊಂಡ ಮೇಲೆ ಅವರ ಅಂಗಿಯಲ್ಲಿ ನಾನು ಹುಡುಕಿದ್ದು ಅದೇ ವಾಸನೆಯನ್ನು.

ನಮ್ಮ ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ನಾಟಕದ ದಿನ ಪೂಜೆ ಆದ ಮೇಲೆ ಎಲ್ಲರೂ ಸಾಲಾಗಿ ನಿಲ್ಲಬೇಕು. ಕಣ್ಣು ಮುಚ್ಚಿ ಮುಖ ಎತ್ತಬೇಕು. ಮಾಲೀಕರು ಕಂಚಿನ ಬಟ್ಟಲಲ್ಲಿ ಎಣ್ಣೆ ಬೆರೆಸಿದ ಕೆಂಪು ಬಣ್ಣ ಹಿಡಿದು ಬಂದು ಒಬ್ಬೊಬ್ಬರ ಹಣೆಗೂ ಒಂದು ಬೊಟ್ಟು ಇಡುತ್ತಾರೆ. ಅದು ಮೊದಲ ಬಣ್ಣ. ಅದು ಬೀಳದೆ ಯಾರೂ ಮುಖಕ್ಕೆ ಪೌಡರ್ ಕೂಡ ಮುಟ್ಟಿಸುವಂತಿಲ್ಲ. ರಾಜ, ಸೇವಕ, ಹಾರ್ಮೋನಿಯಂನವರು, ಹೊಲಿಗೆಯ ನಾನು, ಎಲ್ಲರಿಗೂ. ದೊಡ್ಡ ಮಾಲೀಕರು, ಅಂದರೆ ಅವನ ತಂದೆ, ಇಡುವಾಗ ಬೆರಳು ಹಣೆಗೆ ತಾಗಿದ್ದೂ ಗೊತ್ತಾಗುತ್ತಿರಲಿಲ್ಲ. ಕಣ್ಣು ಬಿಡುವಷ್ಟರಲ್ಲಿ ಅವರು ನಾಲ್ಕು ಜನ ದಾಟಿ ಹೋಗಿರುತ್ತಿದ್ದರು. ಅವರು ಕಾಲವಾದ ಮೇಲೆ ಬಟ್ಟಲು ಮಗನ ಕೈಗೆ ಬಂತು.

ಆ ಹುಡುಗಿ ಮಾವಳ್ಳಿಯವಳು. ತೆಳ್ಳಗೆ, ಗಂಟಲು ಮಾತ್ರ ಗಟ್ಟಿ. ಪಾತ್ರ ಸಿಕ್ಕರೆ ಊಟ ಮರೆಯುವ ಜಾತಿ. ಮೊದಲ ಸಲ ನಾಯಕಿ ಆದಾಗ ಅವಳಿಗೆ ಅಂತಲೇ ಹಸಿರು ಸೀರೆ, ಜರಿಯಂಚಿನ ರವಿಕೆ ಹೊಂದಿಸಿದ್ದೆ. ಅವತ್ತು ಅವಳನ್ನು ಅವನು ಸಾಲಿನಲ್ಲಿ ನಿಲ್ಲಿಸಲಿಲ್ಲ. "ನಾಯಕಿಗೆ ಒಳಗೇ ಹಚ್ತೀನಿ, ಬಾ" ಅಂದ. ಪರದೆಯ ಹಿಂದೆ ಹೋದರು. ಸ್ವಲ್ಪ ಹೊತ್ತಿಗೆ ಬಟ್ಟಲು ನೆಲಕ್ಕೆ ಬಿದ್ದ ಸದ್ದು, ಹಿಂದೆಯೇ ಕೆನ್ನೆಗೆ ಬಿದ್ದ ಏಟಿನ ಸದ್ದು. ಹುಡುಗಿ ಹೊರಗೆ ಬಂದಳು. ಕುತ್ತಿಗೆಯಿಂದ ರವಿಕೆಯೊಳಗಿನ ತನಕ ಕೆಂಪು ಬೆರಳಿನ ಗುರುತು. ಹಣೆ ಮಾತ್ರ ಖಾಲಿ.

"ಅಜ್ಜೀ, ಕಣ್ಮುಚ್ಚು ಅಂದ್ರು. ಮುಚ್ಚಿದೆ" ಅಂದಳು. ಅಷ್ಟೇ ಅಂದದ್ದು.

ಎಣ್ಣೆ ಬಣ್ಣ ನೀರಿಗೆ ಹೋಗುವುದಿಲ್ಲ. ಕೊಬ್ಬರಿ ಎಣ್ಣೆ ಹಾಕಿ ಹಳೇ ಪಂಚೆಯ ಚೂರಿನಲ್ಲಿ ನಾನೇ ಒರೆಸಿದೆ. ಅವನು ಕೆನ್ನೆ ಹಿಡಿದುಕೊಂಡು ಹೊರಗೆ ಬಂದು, "ಕಾಲು ಜಾರ್ತು, ಬಟ್ಟಲು ಚೆಲ್ತು" ಅಂದ. ಚೆಲ್ಲಿದ ಬಣ್ಣ ಬೆರಳು ಮೂಡಿಸುತ್ತದೆಯೇ? ಕಂಡವರೆಲ್ಲ ಕಂಡರು. ಅವತ್ತು ನಾಟಕ ನಡೆಯಲಿಲ್ಲ. ಆಮೇಲೆ ಹೆಂಗಸರು ಯಾರೂ ತಾಲೀಮಿಗೆ ಬರಲಿಲ್ಲ, ಕಂಪನಿ ಮುಚ್ಚಿತು. ಅವನು ಊರು ಬಿಟ್ಟ. ಹೋಗುವಾಗ ಬಟ್ಟೆಯ ಪೆಟ್ಟಿಗೆಗಳನ್ನು ನಮ್ಮ ಮನೆಗೆ ಹಾಕಿಸಿ ಹೋದ. ನಾನು ವರ್ಷ ವರ್ಷ ಬಿಸಿಲಿಗೆ ಹಾಕಿ, ಬೇವಿನ ಸೊಪ್ಪು ಇಟ್ಟು ಮಡಿಸಿಡುತ್ತಿದ್ದೆ. ನನ್ನ ಕೈಯ ಹೊಲಿಗೆ, ನುಸಿಗೆ ಯಾಕೆ ಬಿಡಲಿ?

ಹುಡುಗಿಗೆ ಮದುವೆಯಾಯಿತು. ಗಂಡ ಒಳ್ಳೆಯವನು. ತ್ಯಾಗರಾಜನಗರದಲ್ಲಿ ಮನೆ, ಹತ್ತಿರದಲ್ಲೇ ಪುಟ್ಟ ಮಕ್ಕಳ ಶಾಲೆಯಲ್ಲಿ ಕೆಲಸ. ಮಲ್ಲೇಶ್ವರದ ಒಂದು ತಂಡದವರು ಅವಳನ್ನು ನಾಟಕಕ್ಕೆ ಕರೆದರು. ತಾಲೀಮೆಲ್ಲ ಚೆನ್ನಾಗಿ ಮಾಡಿದಳಂತೆ. ನಾಟಕದ ದಿನ ಬಣ್ಣ ಹಚ್ಚುವವನು "ಕಣ್ಮುಚ್ಚಿ ಮೇಡಂ" ಅಂದನಂತೆ, ಇವಳು ಎದ್ದು ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದುಬಿಟ್ಟಳು. ಇದನ್ನು ಅವಳೇ ಬಂದು ನನಗೆ ಹೇಳಿದಳು, ಅವರೆಕಾಯಿ ಬಿಡಿಸುತ್ತಾ. "ನನ್ಗೆ ಇನ್ನು ನಾಟ್ಕ ಆಗಲ್ಲ ಅಜ್ಜಿ" ಅಂದಳು. ಆದರೂ ಆ ತಂಡದವರು ಆಗಾಗ ಕೇಳುತ್ತಲೇ ಇದ್ದಾರೆ. ಅವಳು ಆಗುವುದಿಲ್ಲ ಅಂತ ಹೇಳಿ, ಆಮೇಲೆ ಅಳುತ್ತಾಳೆ.

ಹೀಗಿರುವಾಗ ಈಚೆಗೆ ಒಂದು ದಿನ ಅವನು ಬಂದ. ಜೊತೆಗೆ ಹಾಸ್ಯಗಾರ ಅಣ್ಣ, ಕೈಯಲ್ಲಿ ಸೇಬಿನ ಚೀಲ. ಮಾಲೀಕನ ತಲೆ ಪೂರ್ತಿ ಬೆಳ್ಳಗಾಗಿದೆ. ಬಗ್ಗಿ ಕಾಲು ಮುಟ್ಟಲು ಬಂದ, ಕಾಲು ಹಿಂದಕ್ಕೆ ಎಳೆದುಕೊಂಡೆ.

"ಅಕ್ಕಾ, ಕಂಪನಿ ಮತ್ತೆ ಶುರು ಮಾಡ್ತಿದೀನಿ. ಪೆಟ್ಟಿಗೆ ಬೇಕಿತ್ತು."

"ಯಾರು ಬರ್ತಾರೆ ನಿನ್ ಕಂಪನಿಗೆ?"

"ಹೊಸಬ್ರು ಬರ್ತಿದಾರೆ. ಹಳಬ್ರೂ ಒಪ್ಕೊಂಡಿದಾರೆ. ತಪ್ಪಾಯ್ತು ಅಂತ ಎಲ್ರ ಮುಂದೆ ಹೇಳಿದೀನಲ್ಲ."

"ಎಲ್ರ ಮುಂದೆ ಅಂದ್ರೆ? ಆ ಹುಡುಗಿ ಮುಂದೆ?"

ಅವನು ನೆಲ ನೋಡಿದ. "ಅವಳ್ಗೆ ಯಾಕಕ್ಕ ಮತ್ತೆ ನೆನಪು ಮಾಡೋದು?"

"ಅವಳು ಮರ್ತಿದಾಳೆ ಅಂತ ನಿನ್ಗೆ ಯಾರು ಹೇಳಿದ್ರು?"

ಹಾಸ್ಯಗಾರ ಅಣ್ಣ ನಡುವೆ ಬಾಯಿ ಹಾಕಿದ. "ತಂಗ್ಯಮ್ಮ, ನನ್ಗೆ ಹಲ್ಲಿಲ್ಲ, ಮಂಡಿ ಇಲ್ಲ. ಇನ್ನೊಂದ್ಸಲ ಬಣ್ಣ ಹಚ್ಕೊಂಡು ನಾಲ್ಕು ಜನ ನಗೋದು ಕೇಳ್ಬಿಡ್ತೀನಿ. ಕಲ್ಲಾಗ್ಬೇಡ."

"ಹಲ್ಲಿಲ್ದಿದ್ದು ಒಳ್ಳೇದಾಯ್ತು ಬಿಡಣ್ಣ, ಪೇಟದೊಳಗೆ ಸಿಪ್ಪೆ ಇರಲ್ಲ" ಅಂದೆ. ಅವನು ಬೊಚ್ಚುಬಾಯಲ್ಲಿ ನಕ್ಕ. ಅವನು ನಕ್ಕದ್ದೇ ನನಗೆ ಹಾರ್ಮೋನಿಯಂ ಕೇಳಿದ ಹಾಗಾಯಿತು. ನನಗೂ ಆಸೆ ಇತ್ತು. ಇಲ್ಲ ಅಂದರೆ ಸುಳ್ಳು.

ಪೆಟ್ಟಿಗೆಗಳನ್ನು ಕೊಟ್ಟೆ. ಅವು ದೊಡ್ಡ ಮಾಲೀಕರ ಕಾಲದವು, ಕಂಪನಿಯವು. ಹಸಿರು ಸೀರೆ ರವಿಕೆ ಇದ್ದ ಚಿಕ್ಕ ಪೆಟ್ಟಿಗೆ ಮಾತ್ರ ಮಂಚದ ಕೆಳಗೇ ಇಟ್ಟುಕೊಂಡೆ. "ನಾಯಕಿದು ಎಲ್ಲಕ್ಕಾ?" ಅಂದ ಮಾಲೀಕ. "ಅದು ಅವಳ ಅಳತೆದು. ನಿನ್ ಹೊಸಬ್ರಿಗೆ ಆಗಲ್ಲ" ಅಂದೆ. ಸೇಬಿನ ಚೀಲ ವಾಪಸ್ ಕೈಗೆ ಕೊಟ್ಟೆ.

ಬಸವನಗುಡಿಯ ಒಂದು ಹಾಲ್‌ನಲ್ಲಿ ಮೊದಲ ನಾಟಕ ಅಂತ ಗೊತ್ತಾಯಿತು. ಬಟ್ಟೆಗೆ ಗುಂಡಿ, ದಾರ ನೋಡಬೇಕಲ್ಲ, ನಾನೂ ಹೋದೆ. ಮಧ್ಯಾಹ್ನ ಪೂಜೆ. ಬಣ್ಣದ ಮನೆಗೆ ಕಾಲಿಟ್ಟರೆ ಅದೇ ವಾಸನೆ. ಹೊಸ ಹುಡುಗಿಯರು ಫೋನಿನಲ್ಲಿ ಫೋಟೋ ತೆಗೆದುಕೊಳ್ಳುತ್ತಿದ್ದರು. ನಾನು ಹೊಲಿದ ಅಂಗಿಗಳು ಮತ್ತೆ ಹಗ್ಗದ ಮೇಲೆ ಸಾಲಾಗಿ ನೇತಾಡುತ್ತಿದ್ದವು. ಮೂಗು ಒರೆಸಿಕೊಂಡು ಸೂಜಿಗೆ ದಾರ ಪೋಣಿಸಿದೆ.

ಮಂಗಳಾರತಿ ಆಯಿತು. ಹಾಸ್ಯಗಾರ ಅಣ್ಣ ಉತ್ಸಾಹದಿಂದ ಹೊಸಬರನ್ನೆಲ್ಲ ಸಾಲು ನಿಲ್ಲಿಸಿದ. "ನಮ್ ಕಂಪನಿ ಪದ್ಧತಿ ಮಕ್ಳಾ. ಕಣ್ಮುಚ್ಚಿ, ಮುಖ ಎತ್ತಿ. ಅಲ್ಲಾಡ್ಬೇಡಿ." ಎಲ್ಲರೂ ನಿಂತರು. ಮಾಲೀಕ ಅದೇ ಕಂಚಿನ ಬಟ್ಟಲು ಹಿಡಿದು ಸಾಲಿನ ಆ ತುದಿಯಿಂದ ಬಂದ.

ಈ ತುದಿಯಲ್ಲಿ ನಾನು. ಸೂಜಿ ಸೆರಗಿಗೆ ಚುಚ್ಚಿ, ಮುಖ ಎತ್ತಿ, ಕಣ್ಣು ಮುಚ್ಚಿ ನಿಂತಿದ್ದೆ. ಯಾರೂ ನನಗೆ ಹೇಳಿರಲಿಲ್ಲ. ಮೈಗೆ ಅಂಟಿದ ಅಭ್ಯಾಸ, ತಾನಾಗಿಯೇ ನಿಂತಿತ್ತು. ಕತ್ತಲೆಯಲ್ಲಿ ಅವನ ಹೆಜ್ಜೆಯ ಸದ್ದು ಹತ್ತಿರ ಬರುತ್ತಿತ್ತು. ಆಗ ಆ ಹುಡುಗಿ ಹೇಳಿದ್ದು ಕಿವಿಗೆ ಬಂತು. ಕಣ್ಮುಚ್ಚು ಅಂದ್ರು, ಮುಚ್ಚಿದೆ.

ಕಣ್ಣು ಬಿಟ್ಟೆ. ನನ್ನ ಪಕ್ಕದಲ್ಲಿ ಇಪ್ಪತ್ತರ ಒಂದು ಹುಡುಗಿ, ರೆಪ್ಪೆ ಬಿಗಿಯಾಗಿ ಮುಚ್ಚಿಕೊಂಡಿದ್ದಾಳೆ. ಅವನ ಬೆರಳು ಅವಳ ಹಣೆಯ ಮುಂದೆ ಇತ್ತು. ಹಣೆಗೇ ಹೋಗುತ್ತಿತ್ತು, ಸುಳ್ಳು ಹೇಳಲಾರೆ.

"ಕಣ್ಬಿಡ್ರೇ ಎಲ್ರೂ!" ಅಂದೆ. ಬೀದಿಯಲ್ಲಿ ಸೊಪ್ಪಿನವಳನ್ನು ಕೂಗುವ ಗಂಟಲು ನನ್ನದು. ಎಲ್ಲರೂ ಬಿಟ್ಟರು.

"ಬಟ್ಟಲು ಕೆಳಗಿಡು" ಅಂದೆ ಅವನಿಗೆ.

"ಅಕ್ಕಾ, ಇದು ನಮ್ಮಪ್ಪನ ಕಾಲದ್ದು."

"ನಿಮ್ಮಪ್ಪನ ಕೈಯೂ ನಿಮ್ಮಪ್ಪನ ಕಾಲದ್ದೇ. ಅದನ್ನ ತಂದಿದೀಯಾ? ಇಡು ಕೆಳಗೆ. ಕನ್ನಡಿ ಇದೆ, ಅವ್ರವ್ರ ಹಣೆಗೆ ಅವ್ರವ್ರೇ ಇಟ್ಕೊಳ್ಳಿ."

ಹಾಸ್ಯಗಾರ ಅಣ್ಣನಿಗೆ ಸಿಟ್ಟು ಬಂತು. "ಶುಭದ ಹೊತ್ತಲ್ಲಿ ಇದೇನು ತಂಗ್ಯಮ್ಮ? ಪದ್ಧತಿ ಹಾಳ್ಮಾಡ್ದೆ!"

"ಹಾಳಾಗಿದ್ದು ಇವತ್ತಲ್ಲಣ್ಣ" ಅಂದೆ.

ಅವನು ಬಟ್ಟಲು ನೆಲಕ್ಕಿಟ್ಟ. ಪಕ್ಕದ ಆ ಹುಡುಗಿ ಮೊದಲು ಬಗ್ಗಿದಳು. ಬಟ್ಟಲಿಗೆ ಬೆರಳು ಅದ್ದಿ, ಕನ್ನಡಿಯ ಮುಂದೆ ಕಣ್ಣು ಅಗಲ ಬಿಟ್ಟುಕೊಂಡು ಬೊಟ್ಟು ಇಟ್ಟುಕೊಂಡಳು. ಆಮೇಲೆ ಒಬ್ಬೊಬ್ಬರೇ, ಅವನಿಂದ ಆಗಲೇ ಬೊಟ್ಟು ಇಡಿಸಿಕೊಂಡವರೂ ಅದನ್ನು ಒರೆಸಿಕೊಂಡು. ಕೊನೆಗೆ ಹಾಸ್ಯಗಾರ ಅಣ್ಣನೂ ಗೊಣಗುತ್ತಾ ಇಟ್ಟುಕೊಂಡ, ಸೊಟ್ಟಗೆ. ಮಾಲೀಕ ಬಾಗಿಲ ಹತ್ತಿರ ಕೈ ಕಟ್ಟಿ ನಿಂತಿದ್ದ. ಅವನ ಹಣೆಗೆ ಯಾರೂ ಇಡಲಿಲ್ಲ, ಅವನೂ ಇಟ್ಟುಕೊಳ್ಳಲಿಲ್ಲ.

ನಾಟಕ ನಡೆಯಿತು. ಜನ ನಕ್ಕರು. ಅವನು ಇನ್ನು ಮುಂದೆಯೂ ನಾಟಕ ಮಾಡಿಸುತ್ತಾನೆ, ಅದನ್ನು ತಡೆಯಲು ನಾನು ಯಾರು? ಆದರೆ ನಾಟಕ ಮುಗಿದ ಮೇಲೆ, ಅವನು ವಾಪಸ್ ಬಂದದ್ದಕ್ಕೆ ಹಾರ ಹಾಕಿದರಲ್ಲ, ಆಗ ನಾನು ಚಪ್ಪಾಳೆ ತಟ್ಟಲಿಲ್ಲ. ಮಡಿಲಲ್ಲಿ ಬೆವರಿಗೆ ಒದ್ದೆಯಾದ ಅಂಗಿ ಇತ್ತು, ಅದನ್ನು ಒಣಗಲು ಹಾಕಿದೆ. ಹೊರಡುವಾಗ ಕಂಚಿನ ಬಟ್ಟಲು ಸೀಗೆಪುಡಿ ಹಾಕಿ ತೊಳೆದು ಚೀಲಕ್ಕೆ ಹಾಕಿಕೊಂಡೆ. ಅವನು ನೋಡಿ ದಾರಿ ಬಿಟ್ಟ.

ಮಾರನೆಯ ಬೆಳಿಗ್ಗೆ ಕಾಫಿ ಕುಡಿದು ಮಂಚದ ಕೆಳಗಿನ ಚಿಕ್ಕ ಪೆಟ್ಟಿಗೆ ಎಳೆದೆ. ಹಸಿರು ಸೀರೆ, ರವಿಕೆ, ಬಟ್ಟಲು, ಗೋಡೆಯ ಮೇಲಿದ್ದ ಕೈಗನ್ನಡಿ ಎಲ್ಲ ಚೀಲಕ್ಕೆ ತುಂಬಿ, ಆಟೋ ಹಿಡಿದು ತ್ಯಾಗರಾಜನಗರಕ್ಕೆ ಹೋದೆ. ಅವಳು ಶಾಲೆಗೆ ಹೊರಟು ಬಾಗಿಲಲ್ಲಿ ನಿಂತಿದ್ದಳು.

"ಏನಜ್ಜಿ, ಇಷ್ಟು ಬೇಗ?"

ನಿನ್ನೆ ನಡೆದದ್ದನ್ನು ಹೇಳಿದೆ. ಉದ್ದ ಮಾಡಲಿಲ್ಲ. ಬಟ್ಟಲೂ ಕನ್ನಡಿಯೂ ಅವಳ ಕೈಗೆ ಕೊಟ್ಟೆ. "ಮಲ್ಲೇಶ್ವರದವ್ರಿಗೆ ಹೇಳು. ನನ್ ಬಣ್ಣ ನಾನೇ ಹಚ್ಕೋತೀನಿ, ಕಣ್ ಬಿಟ್ಕೊಂಡು ಹಚ್ಕೋತೀನಿ ಅಂತ. ನಿನ್ನೆ ಅಷ್ಟು ಜನ ಹಂಗೇ ಹಚ್ಕೊಂಡ್ರು, ನಾಟ್ಕ ಏನೂ ನಿಲ್ಲಲಿಲ್ಲ."

ಅವಳು ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಚೀಲದಿಂದ ಇಣುಕುತ್ತಿದ್ದ ಜರಿಯಂಚು ಮುಟ್ಟಿ, "ಈ ರವಿಕೆ ಈಗ ನನ್ಗೆ ಹಿಡಿಯಲ್ಲ ಅಜ್ಜಿ, ದಪ್ಪ ಆಗಿದೀನಿ" ಅಂದಳು.

"ಬಿಚ್ಚೋಕೆ ಅಂತ ಒಳಗೆ ಬಟ್ಟೆ ಬಿಟ್ಟೇ ಹೊಲ್ದಿದೀನಿ. ಕೈ ಎತ್ತು."

ಅವಳು ಬಟ್ಟಲನ್ನು ಕಿಟಕಿಯ ಮೇಲಿಟ್ಟು ಕೈ ಎತ್ತಿದಳು. ನಾನು ಟೇಪು ಸುತ್ತಿದೆ.