ಮುಚ್ಚಳದ ಮನೆತನವೂ ನನ್ನ ಷಡ್ಡಕನೂ

ನನ್ನ ಹೆಂಡತಿಯ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ, ನೆಂಟರಿಷ್ಟರಲ್ಲಿ ಒಬ್ಬರ ಹತ್ತಿರವೂ ಜಗಳವಾಡದ ಮನುಷ್ಯ. ನಾನು ಅವರನ್ನು ಭಾವ ಎನ್ನುತ್ತೇನೆ. ನನ್ನ ಮಕ್ಕಳು ಬೆನ್ನ ಹಿಂದೆ ಬೆಣ್ಣೆ ದೊಡ್ಡಪ್ಪ ಎನ್ನುತ್ತಾರೆ. ಆ ಹೆಸರಿಟ್ಟವನು ನಾನೇ ಎಂದು ಮನೆಯಲ್ಲಿ ಗುಮಾನಿಯಿದೆ. ಗುಮಾನಿ ಸುಳ್ಳಲ್ಲ.

ನನ್ನದು ಕನ್ನಡಕದ ಅಂಗಡಿ. ಕೊನೆಯ ಸಾಲಿನ ಅಕ್ಷರ ಓದಲು ಆಗದವರಿಗೆ ‘ನಂಬರ್ ಜಾಸ್ತಿಯಾಗಿದೆ’ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತೇನೆ. ಅವರು ನನ್ನನ್ನು ಬೈದುಕೊಂಡು ಹೊಸ ಗಾಜು ಹಾಕಿಸಿಕೊಳ್ಳುತ್ತಾರೆ. ಭಾವನ ಕಸುಬು ಹಾಗಲ್ಲ. ಅವರು ಇದ್ದದ್ದು ಶ್ರೀಮಂತರ ಹಣ ನೋಡಿಕೊಳ್ಳುವ ಸಂಸ್ಥೆಯಲ್ಲಿ. ಶ್ರೀಮಂತರೆಂದರೆ ನಮ್ಮ ಬೀದಿಯ ಮೂರಂತಸ್ತಿನ ಮನೆಯವರಲ್ಲ. ತಮ್ಮ ಹತ್ತಿರ ಎಷ್ಟಿದೆ ಎಂದು ತಿಳಿಯುವುದಕ್ಕೇ ಸಂಬಳ ಕೊಟ್ಟು ಜನ ಇಟ್ಟುಕೊಳ್ಳಬೇಕಾದಷ್ಟು ಶ್ರೀಮಂತರು.

ಭಾವ ಮರೆತು ಹೋದ ಕನ್ನಡಕ ಕೊಡಲು ಒಮ್ಮೆ ಅವರ ಆಫೀಸಿಗೆ ಹೋಗಿದ್ದೆ. ಎತ್ತರದ ಕಟ್ಟಡದ ಕೊನೆಯ ಮಹಡಿ. ಹೊರಗೆ ಬೋರ್ಡಿಲ್ಲ; ಬೋರ್ಡು ಓದಿಕೊಂಡು ಬರುವಂಥವರು ಅವರಿಗೆ ಬೇಕಿಲ್ಲ. ನೆಲಹಾಸು ಎಷ್ಟು ದಪ್ಪವೆಂದರೆ ನನ್ನ ಚಪ್ಪಲಿಯ ಸದ್ದು ನನಗೇ ಕೇಳಿಸದೆ, ನಾನು ಒಳಗೆ ಬಂದಿದ್ದೇನೋ ಇಲ್ಲವೋ ಎಂದು ಅನುಮಾನವಾಯಿತು. ನೀರು ಬೇಕೇ ಎಂದು ಕೇಳಿದ ಹುಡುಗಿ, ಎಂಥ ನೀರು ಎಂದೂ ಕೇಳಿದಳು. “ಒದ್ದೆಯಾಗಿರೋದು ಕೊಡಮ್ಮ” ಎಂದೆ. ಅವಳು ಹಲ್ಲು ಕಾಣದ ಹಾಗೆ ನಕ್ಕಳು. ಹಾಗೆ ನಗುವುದಕ್ಕೆ ಅಲ್ಲಿ ತರಬೇತಿ ಕೊಡುತ್ತಾರಂತೆ.

ಮಾತಿಗೂ ತರಬೇತಿ. ಅಲ್ಲಿ ಗಿರಾಕಿಗಳಿಲ್ಲ, ‘ಕುಟುಂಬ’ಗಳಿವೆ. ಷೇರು ಬಿದ್ದರೆ ಬಿತ್ತು ಎನ್ನುವ ಹಾಗಿಲ್ಲ. ‘ಮಾರುಕಟ್ಟೆ ಸ್ವಲ್ಪ ಉಸಿರು ತಗೊಳ್ತಾ ಇದೆ’ ಎನ್ನಬೇಕು. ಸಂಸ್ಥೆ ಮುರಿದುಕೊಳ್ಳುವ ಶುಲ್ಕದ ಹೆಸರು ‘ಜೊತೆಗಾರಿಕೆ’. ನಾನು ಇದನ್ನೆಲ್ಲ ಕೇಳಿ ಹೊಟ್ಟೆ ಹುಣ್ಣಾಗುವಂತೆ ನಕ್ಕಾಗ ಭಾವನಿಗೆ ಬೇಜಾರಾಗುತ್ತಿತ್ತು. “ಮಾತು ಮೆತ್ತಗೆ ಮಾಡ್ತೀವಿ, ನಿಜ. ಆದ್ರೆ ಅಂಕಿಗೆ ಮಾತ್ರ ನಾನು ಕೈ ಹಚ್ಚಲ್ಲ. ಒಂದು ಪೈಸೆ ಅತ್ಲಾಗೆ ಇತ್ಲಾಗೆ ಆಗಿಲ್ಲ ಇವತ್ತಿನವರೆಗೆ” ಎನ್ನುತ್ತಿದ್ದರು. ಅದು ಅಪ್ಪಟ ನಿಜವಾಗಿತ್ತು.

ತೊಂದರೆಯೆಂದರೆ ಅವರು ಆಫೀಸಿನ ನಾಲಿಗೆಯನ್ನೇ ಮನೆಗೂ ತರುತ್ತಿದ್ದರು. ಅತ್ತಿಗೆ ಊಟಕ್ಕೆ ಬಡಿಸಿ “ಉಪ್ಪು ಸರಿಯಾಗಿದೆಯಾ?” ಎಂದರೆ “ಇವತ್ತಿನ ಅಡುಗೆಯಲ್ಲಿ ಒಂದು ಆತ್ಮವಿಶ್ವಾಸ ಇದೆ” ಎನ್ನುತ್ತಿದ್ದರು. ಅತ್ತಿಗೆ ಒಂದು ತುತ್ತು ತಿಂದು ನೋಡಿ, ಉಪ್ಪಿನ ಡಬ್ಬಿಯೇ ಬಿದ್ದಿದೆ ಎಂದು ತಾವೇ ಕಂಡುಕೊಳ್ಳಬೇಕು. “ನನ್ನ ಗಂಡನ ಹತ್ರ ಒಂದು ನೇರ ಮಾತು ಕೇಳಿ ಸಾಯ್ಬೇಕು ಅಂತ ಆಸೆ ಕಣೇ” ಎಂದು ತಂಗಿಯ ಹತ್ತಿರ, ಅಂದರೆ ನನ್ನ ಹೆಂಡತಿಯ ಹತ್ತಿರ, ಎಷ್ಟೋ ಸಲ ಹೇಳಿದ್ದರು.

ಭಾವನ ಪಾಲಿಗೆ ಬಂದಿದ್ದ ಕುಟುಂಬ ಬಾಟಲಿಯ ಮುಚ್ಚಳ ಮಾಡುವ ಮನೆತನ. ಲೋಕದಲ್ಲಿ ಯಾರು ಏನು ಬೇಕಾದರೂ ಕುಡಿಯಲಿ, ಮುಚ್ಚಳ ಇವರದು. ಕಾರ್ಖಾನೆ ಕಟ್ಟಿದ ಅಪ್ಪ ಹೋದ ಮೇಲೆ ಉಳಿದವರು ಇಬ್ಬರು ಗಂಡುಮಕ್ಕಳು, ದೊಡ್ಡವರು ಮತ್ತು ಚಿಕ್ಕವರು. ಅಪ್ಪನ ಶ್ರದ್ಧಾಂಜಲಿ ಸಭೆಯಲ್ಲಿ ಮೊದಲು ಮಾತಾಡುವುದು ತಾನೇ ಎಂದು ಇಬ್ಬರೂ ಒಟ್ಟಿಗೇ ಮೈಕಿನ ಹತ್ತಿರ ಎದ್ದುಹೋದರಂತೆ. ಮೈಕು ಕೆಳಗೆ ಬಿತ್ತು, ಇಬ್ಬರೂ ಮಾತಾಡಲಿಲ್ಲ. ಅಂದಿನಿಂದ ಒಬ್ಬರ ಮುಖ ಒಬ್ಬರು ನೋಡಿಲ್ಲ. ಹಣ ಮಾತ್ರ ಒಂದೇ ಗಂಟಾಗಿ ಭಾವನ ಸಂಸ್ಥೆಯಲ್ಲಿ ಕೂತಿತ್ತು.

ಆ ಗಂಟು ಒಡೆಯದಂತೆ ನೋಡಿಕೊಳ್ಳುವುದೇ ಭಾವನ ಕೆಲಸ. ಅವರ ಮೇಡಂ, ಆ ಮಹಡಿಗೆಲ್ಲ ದೊಡ್ಡ ಅಧಿಕಾರಿ, ಅದನ್ನು ಬಹಳ ಪ್ರೀತಿಯಿಂದ ತಿಳಿಸಿದ್ದರು: “ಅಣ್ಣತಮ್ಮ ಒಟ್ಟಿಗೆ ಇರೋವರೆಗೂ ನೀವೂ ನಮ್ಮ ಜೊತೆ ಇರ್ತೀರಿ.” ಬೆದರಿಕೆಗೆ ಇಷ್ಟು ಚೆಂದದ ಬಟ್ಟೆ ಹಾಕುವುದು ಆ ಮಹಡಿಯವರಿಗೆ ಮಾತ್ರ ಗೊತ್ತು. ಅಣ್ಣತಮ್ಮ ಪಾಲಾದರೆ ಭಾವನ ಕುರ್ಚಿ ಹೋಗುತ್ತದೆ. ಅವರ ವಯಸ್ಸಿನಲ್ಲಿ ಮತ್ತೊಂದು ಕುರ್ಚಿ ಸಿಗುವುದು ಕನಸಿನ ಮಾತು.

ಆದ್ದರಿಂದ ದೊಡ್ಡವರಿಗೆ ಒಂದು ಬಾಗಿಲು, ಚಿಕ್ಕವರಿಗೆ ಇನ್ನೊಂದು. ದೊಡ್ಡವರಿಗೆ ದಪ್ಪ ಅಕ್ಷರದ ಒಂದೇ ಪುಟದ ವರದಿ, ಚಿಕ್ಕವರಿಗೆ ಬಣ್ಣದ ಗೆರೆಗಳಿರುವ ಪುಸ್ತಕ. ಒಳಗಿನ ಅಂಕಿ ಮಾತ್ರ ಅದೇ. ಅಣ್ಣ ತಮ್ಮನಿಗೆ ಹೇಳಬೇಕಾದ್ದು, ತಮ್ಮ ಅಣ್ಣನಿಗೆ ಹೇಳಬೇಕಾದ್ದು ಎಲ್ಲವೂ ಭಾವನ ಬಾಯಿಂದಲೇ ಹೋಗಬೇಕು. ಹೋಗುವಾಗ ದಾರಿಯಲ್ಲಿ ಅದಕ್ಕೆ ಬೆಣ್ಣೆ ಹತ್ತುತ್ತಿತ್ತು.

ಇದು ನಡೆಯುವುದನ್ನು ನಾನು ಕಣ್ಣಾರೆ ನೋಡಿದ್ದು ಒಂದು ಭಾನುವಾರ, ಮಾವನ ಮನೆಯಲ್ಲಿ. ಅಳಿಯಂದಿರಿಬ್ಬರೂ ಪಾತ್ರೆ ತೊಳೆಯುವುದೆಂದು ಅತ್ತೆಯ ಕಟ್ಟಪ್ಪಣೆ. ಭಾವನ ಕೈ ಸೋಪಿನ ನೊರೆಯಲ್ಲಿದ್ದಾಗ ಫೋನು ಬಂತು; ಮೊಣಕೈಯಲ್ಲಿ ಒತ್ತಿ ಸ್ಪೀಕರಿಗೆ ಹಾಕಿದರು. ದೊಡ್ಡವರ ದನಿ ಅಡುಗೆಮನೆಯ ತಟ್ಟೆಗಳನ್ನು ನಡುಗಿಸಿತು.

“ಆ ಕತ್ತೆಗೆ ಹೇಳಿ! ಹೊಳೆ ದಂಡೆ ಮೇಲಿನ ಮನೆ ಮಾರ್ಬೇಕಂತೆ ಅವ್ನಿಗೆ. ನನ್ನ ಹೆಣ ಬಿದ್ಮೇಲೆ ಮಾರ್ಲಿ ಅಂತ ಹೇಳಿ!”

“ಖಂಡಿತ ತಿಳಿಸ್ತೀನಿ ಸಾರ್” ಎಂದರು ಭಾವ. ಕೈ ಒರೆಸಿಕೊಂಡು ತಮ್ಮನಿಗೆ ಫೋನು ಹಚ್ಚಿದರು. “ಸಾರ್, ಅಣ್ಣ ಈಗ ತಾನೇ ಮಾತಾಡಿದ್ರು. ನಿಮ್ಮ ಯೋಚನೆ ಬಗ್ಗೆ ಅವರಿಗೆ ತುಂಬ ಗೌರವ. ಆದ್ರೆ ಆ ಮನೆ ಅಂದ್ರೆ ಅವರಿಗೆ ಪ್ರಾಣ. ಚಿಕ್ಕವರಿದ್ದಾಗ ನೀವಿಬ್ರೂ ಅಲ್ಲಿ ಆಟ ಆಡಿದ್ದನ್ನ ನೆನಪು ಮಾಡ್ಕೊಂಡ್ರು.”

ಆ ಕಡೆ ತಮ್ಮನ ದನಿ ತಗ್ಗಿತು. “ಹೌದಾ? ಅಣ್ಣ ಹಾಗಂದ್ನಾ? ಸರಿ, ಸದ್ಯ ಬೇಡ ಬಿಡಿ.”

ನಾನು ತಟ್ಟೆ ಒರೆಸುವುದನ್ನು ನಿಲ್ಲಿಸಿದ್ದೆ. “ಭಾವ, ಅವರು ಅಲ್ಲಿ ಆಟ ಆಡಿದ್ದು ನಿಮಗೆ ಹೇಗೆ ಗೊತ್ತು?”

“ಮಕ್ಕಳು ಎಲ್ಲಾದ್ರೂ ಆಡಿರ್ತಾರಲ್ಲಪ್ಪ” ಎಂದು ಅವರು ಬಾಣಲೆ ತಿಕ್ಕತೊಡಗಿದರು.

ಹೀಗೇ ವರ್ಷಗಟ್ಟಲೆ ನಡೆಯಿತು. ಅಣ್ಣನ ಬೈಗುಳ ತಮ್ಮನ ಕಿವಿಗೆ ಕುಶಲವಿಚಾರಣೆಯಾಗಿ ತಲುಪುತ್ತಿತ್ತು. ತಮ್ಮನ ಶಾಪ ಅಣ್ಣನ ಹತ್ತಿರ ಹುಟ್ಟುಹಬ್ಬದ ಶುಭಾಶಯವಾಗುತ್ತಿತ್ತು. ಮೇಡಂ ಇದನ್ನು ‘ಸಂವಹನ ಕೌಶಲ’ ಎಂದು ಕರೆದು ಭಾವನಿಗೆ ಗಾಜಿನ ಫಲಕವೊಂದನ್ನು ಕೊಟ್ಟರು. ನಮ್ಮ ಅಂಗಡಿಯಲ್ಲಿ ಯಾರಾದರೂ ಹೀಗೆ ಮಾಡಿದರೆ ಸುಳ್ಳುಬುರುಕ ಎಂದು ಓಡಿಸುತ್ತೇನೆ. ಫಲಕ ಕೊಡುವಷ್ಟು ದೊಡ್ಡ ಅಂಗಡಿ ನನ್ನದಲ್ಲ.

ಎಡವಟ್ಟಾದದ್ದು ಚಿಕ್ಕವರ ಮಂಡಿಯಿಂದ. ಅವರಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು. ಸುದ್ದಿ ಮುಟ್ಟಿಸಿದಾಗ ದೊಡ್ಡವರು ಹೇಳಿದ್ದು ಇಷ್ಟೇ: “ಮಂಡಿ ಹೊಸದು ಹಾಕಿದ್ರಾ? ಹಾಗೇ ತಲೆನೂ ಬಿಚ್ಚಿ ನೋಡ್ಬೇಕಿತ್ತು.” ಇದಕ್ಕೆ ಎಷ್ಟು ಬೆಣ್ಣೆ ಹಚ್ಚಿದರೆ ಸಾಕು? ಭಾವ ಆಸ್ಪತ್ರೆಯ ಮಂಚದ ಪಕ್ಕದಲ್ಲಿ ನಿಂತು, ಚಿಕ್ಕವರ ಸೊರಗಿದ ಮುಖ ನೋಡಿ, ತೂಕ ತಪ್ಪಿದರು. “ಸಾರ್, ಆಪರೇಷನ್ ಮುಗಿಯೋವರೆಗೂ ಅಣ್ಣ ಊಟಾನೇ ಮಾಡ್ಲಿಲ್ಲ” ಎಂದುಬಿಟ್ಟರು.

ಚಿಕ್ಕವರು ಗೋಡೆಯ ಕಡೆ ತಿರುಗಿ ಅತ್ತರಂತೆ. ಆಮೇಲೆ ಕಣ್ಣೊರೆಸಿಕೊಂಡು, “ನಾನು ಅಣ್ಣನ್ನ ನೋಡ್ಬೇಕು. ನಡುವೆ ಯಾರೂ ಬೇಡ. ನಾವಿಬ್ರೇ ಕೂತ್ಕೋಬೇಕು” ಎಂದರು.

ಭಾವ ಬೆವರಿದರು. ಮೇಡಂ ಹಿಗ್ಗಿದರು. ‘ಕುಟುಂಬದ ಪುನರ್ಮಿಲನ’ ಎಂದು ಆ ಸಭೆಗೆ ಹೆಸರಿಟ್ಟರು. ಯಾರೂ ಯಜಮಾನನ ಜಾಗದಲ್ಲಿ ಕೂರದಂತೆ ಗುಂಡನೆಯ ಮೇಜು ತರಿಸಿದರು. ಇಬ್ಬರ ಕುರ್ಚಿಯೂ ಒಂದೇ ಎತ್ತರವೆಂದು ಅಳತೆಪಟ್ಟಿ ಹಿಡಿದು ನೋಡಿದರು. ಎರಡು ಬಾಗಿಲಿಂದ ಇಬ್ಬರೂ ಒಂದೇ ಹೊತ್ತಿಗೆ ಒಳಗೆ ಬರುವಂತೆ ಎರಡು ಲಿಫ್ಟುಗಳನ್ನು ಹಿಡಿದಿಟ್ಟಿದ್ದರು. ಯಾರು ಮೊದಲು ಬಂದರು ಎಂಬುದರ ಮೇಲೆ ಇನ್ನೊಂದು ತಲೆಮಾರಿನ ಜಗಳ ಶುರುವಾಗಬಾರದಲ್ಲ.

ಬಾಗಿಲು ಮುಚ್ಚಿತು. ಭಾವ ಹೊರಗೆ ಮಸುಕು ಗಾಜಿನ ಈಚೆ ನಿಂತರು. ಒಳಗೆ ಮೊದಲು ಚಿಕ್ಕವರ ಗದ್ಗದ. ಅದರ ಹಿಂದೆಯೇ ದೊಡ್ಡವರ ಗುಡುಗು: “ಊಟ ಬಿಟ್ಟೆನಾ? ನಾನಾ? ಹುಟ್ಟಿದ ಮೇಲೆ ಒಂದು ಹೊತ್ತು ಊಟ ಬಿಟ್ಟವನಲ್ಲ ನಾನು!” ಒಳಗೆ ಮಾತಿಗೆ ಮಾತು ತಾಳೆ ನೋಡುವುದು ನಡೆಯಿತು. ದಂಡೆಯ ಮನೆ, ಬಾಲ್ಯದ ಆಟ, ಹುಟ್ಟುಹಬ್ಬದ ಶುಭಾಶಯ ಒಂದೊಂದಾಗಿ ಹೊರಗೆ ಬಂದವು. ಇನ್ನೇನು ಕುರ್ಚಿ ಹಾರುತ್ತದೆ ಎನ್ನುವಾಗ ಕೇಳಿದ್ದು ನಗು. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಬದುಕಿದೆಯಾ ಬಡಜೀವವೇ ಎಂದುಕೊಂಡರು ಭಾವ.

ಬಾಗಿಲು ತೆರೆದಾಗ ತಮ್ಮನ ಹೆಗಲ ಮೇಲೆ ಅಣ್ಣನ ಕೈಯಿತ್ತು. ದೊಡ್ಡವರು ಕಣ್ಣೊರೆಸಿಕೊಳ್ಳುತ್ತ ಭಾವನನ್ನು ಮೇಲಿಂದ ಕೆಳಗೆ ನೋಡಿದರು. “ಏನ್ರೀ, ನಾನು ಇವ್ನಿಗೆ ಕತ್ತೆ ಅಂದಿದ್ದೆ. ಅದನ್ನ ಯಾಕ್ರೀ ಹೇಳಲಿಲ್ಲ? ಹೇಳಿದ್ರೆ ಅವತ್ತೇ ಬಂದು ಹೊಡೆದಾಡಿ ಮುಗಿಸ್ತಿದ್ದ.”

“ಚಿಕ್ಕಂದಿನಿಂದ ಹಾಗೇ ಅಲ್ವಾ ಮುಗಿಸ್ತಿದ್ದಿದ್ದು” ಎಂದರು ಚಿಕ್ಕವರು. ಆಮೇಲೆ ಅವರ ನಗು ನಿಂತಿತು. “ಅಣ್ಣ, ಒಂದು ಮಾತು. ನಮ್ಮ ಜಗಳಕ್ಕೇ ಇಷ್ಟು ಬೆಣ್ಣೆ ಹಚ್ಚಿದವರು ನಮ್ಮ ಲೆಕ್ಕಕ್ಕೆ ಎಷ್ಟು ಹಚ್ಚಿರ್ಬಹುದು?”

“ಇಲ್ಲ ಸಾರ್, ಅಂಕಿ ಎಲ್ಲ ನಿಜ. ಒಂದು ಪೈಸೆ...” ಎಂದು ಭಾವ ತೊದಲಿದರು. ಜೀವಮಾನದಲ್ಲಿ ಅವರು ಆ ಇಬ್ಬರಿಗೆ ಹೇಳಿದ ಅತಿ ಪ್ರಾಮಾಣಿಕ ಮಾತು ಅದು. ಇಬ್ಬರೂ ನಂಬಲಿಲ್ಲ. ಪಾಲಾದರೆ ಅರ್ಧ ಹೋಗುತ್ತದೆ ಎಂದು ಸಂಸ್ಥೆ ಇಷ್ಟು ವರ್ಷ ಹೆದರಿತ್ತು. ಅಣ್ಣತಮ್ಮ ಒಂದಾಗಿ ಇಡೀ ಗಂಟನ್ನೇ ಎತ್ತಿಕೊಂಡು ಬೇರೆ ಸಂಸ್ಥೆಗೆ ಹೊರಟರು. ಹೋಗುವಾಗ ಇಬ್ಬರೂ ಒಂದೇ ಲಿಫ್ಟಿನಲ್ಲಿ ಇಳಿದರಂತೆ.

ಮಾರನೆಯ ದಿನ ಮೇಡಂ ಭಾವನನ್ನು ಕರೆದು, ಬೇಕಾದ ನೀರು ತರಿಸಿ, “ನಿಮ್ಮ ಮುಂದಿನ ಪಯಣದ ಬಗ್ಗೆ ನಮಗೆ ನಿಮಗಿಂತ ಜಾಸ್ತಿ ಉತ್ಸಾಹ ಇದೆ” ಎಂದರು. ಭಾವನಿಗೆ ಅರ್ಥವಾಗಲು ಒಂದು ಕ್ಷಣವೂ ಬೇಕಾಗಲಿಲ್ಲ. ಹೊಸಬರ ತರಬೇತಿಗೆಂದು ಆ ವಾಕ್ಯ ಬರೆದುಕೊಟ್ಟವರು ಅವರೇ.

ಅವರು ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದರು. ಗಾಜಿನ ಫಲಕ ಕಂಕುಳಲ್ಲಿತ್ತು. ನಡೆದದ್ದನ್ನೆಲ್ಲ ಹೇಳಿ, ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತರು. ಎದುರಿಗಿದ್ದ ಅಕ್ಷರಗಳ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತಿದ್ದರು. ನನ್ನ ಹತ್ತಿರ ಹತ್ತಾರು ಕುಹಕ ರೆಡಿ ಇದ್ದವು. ಒಂದೂ ಹೊರಗೆ ಬರಲಿಲ್ಲ. ನನಗೆ ನಿಜವಾಗಿಯೂ ಸಂಕಟವಾಗಿತ್ತು. “ಮನೆಗೆ ಜೊತೆಗೆ ಬರ್ತೀಯಾ? ಅವಳಿಗೆ ಹೇಗೆ ಹೇಳೋದು ಅಂತ ಗೊತ್ತಾಗ್ತಿಲ್ಲ” ಎಂದರು. ಅಂಗಡಿಯ ಬಾಗಿಲೆಳೆದು ಹೊರಟೆ.

ಬಾಗಿಲು ತೆಗೆದ ಅತ್ತಿಗೆ ನಮ್ಮಿಬ್ಬರ ಮುಖ ನೋಡಿದರು, ಫಲಕ ನೋಡಿದರು. “ಏನಾಯ್ತು?” ಎಂದರು.

ಭಾವ ಬಾಯಿ ತೆರೆಯುವ ಮೊದಲು ನನ್ನ ನಾಲಿಗೆಯೇ ಹೊರಳಿತು. ಮುಖಕ್ಕೆ ಹೊಡೆದ ಹಾಗೆ ಮಾತಾಡುವವನೆಂದು ಎದೆಯುಬ್ಬಿಸಿಕೊಂಡು ತಿರುಗುವ ನಾನು ಹೇಳಿದ್ದು ಹೀಗೆ: “ಅದು... ಅತ್ತಿಗೆ, ಆಫೀಸಲ್ಲಿ ಸ್ವಲ್ಪ ಬದಲಾವಣೆ ಅಂತೆ. ಭಾವನಿಗೆ ಸ್ವಲ್ಪ ಬಿಡುವು ಕೊಟ್ಟು...”

“ಕೆಲಸದಿಂದ ತೆಗೆದ್ರು” ಎಂದರು ಭಾವ. “ತಪ್ಪು ನಂದೇ. ಸುಳ್ಳು ಹೇಳಿ ಸಿಕ್ಕಿಬಿದ್ದೆ.”

ಅತ್ತಿಗೆ ಬಾಗಿಲಿನಿಂದ ಪಕ್ಕಕ್ಕೆ ಸರಿದರು. “ಗೊತ್ತು. ಮಧ್ಯಾಹ್ನ ನಿಮ್ಮ ಮೇಡಂ ಫೋನ್ ಮಾಡಿದ್ರು. ಅರ್ಧ ಗಂಟೆ ನಿಮ್ಮನ್ನ ಹೊಗಳಿದ್ರು. ಅಷ್ಟು ಹೊಗಳಿದಾಗಲೇ ಅಂದ್ಕೊಂಡೆ, ಮುಗೀತು ಇವ್ರ ಕಥೆ ಅಂತ. ಒಳಗೆ ಬನ್ನಿ, ಊಟ ಆರ್ತಾ ಇದೆ.”

ಮೂವರೂ ಕೂತೆವು. ನಾನು ಮೊದಲ ತುತ್ತು ಬಾಯಿಗಿಟ್ಟು ನೀರಿನ ಲೋಟ ಹುಡುಕಿದೆ. ಫೋನು ಇಟ್ಟ ಮೇಲೆ ಅತ್ತಿಗೆಯ ಮನಸ್ಸು ಅಡುಗೆಯ ಮೇಲೆ ಇದ್ದಂತೆ ಕಾಣಲಿಲ್ಲ. “ಹೇಗಿದೆ?” ಎಂದು ಅವರು ಕೇಳಿದಾಗ ನಾನು ಬೆನ್ನು ನೆಟ್ಟಗೆ ಮಾಡಿ “ತುಂಬ ಚೆನ್ನಾಗಿದೆ ಅತ್ತಿಗೆ” ಎಂದೆ.

ಭಾವ ನಿಧಾನವಾಗಿ ಅಗಿದು ನುಂಗಿದರು. “ಉಪ್ಪು ಜಾಸ್ತಿಯಾಗಿದೆ ಕಣೇ” ಎಂದರು. “ತಿನ್ನೋಕೇ ಆಗಲ್ಲ.”

ಅತ್ತಿಗೆ ಗಂಡನನ್ನೇ ದಿಟ್ಟಿಸಿ ನೋಡಿದರು. ಇಷ್ಟು ವರ್ಷ ಆಸೆಪಟ್ಟ ನೇರ ಮಾತು ಕಡೆಗೂ ಕಿವಿಗೆ ಬಿದ್ದಿತ್ತು. “ಸಂಬಳ ನಿಂತ ದಿನವೇ ನಾಲಿಗೆ ಉದ್ದ ಆಯ್ತಾ?” ಎಂದು ಸಿಡುಕಿ, ತಟ್ಟೆಯನ್ನು ಅವರ ಮುಂದಿನಿಂದ ಎಳೆದುಕೊಂಡರು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, ಬೇರೆ ಏನಾದರೂ ಮಾಡಿಕೊಡಲು ಅಡುಗೆಮನೆಗೆ ಹೋದರು. ನನ್ನ ತಟ್ಟೆಯನ್ನು ಅಲ್ಲೇ ಬಿಟ್ಟರು. ತುಂಬ ಚೆನ್ನಾಗಿದೆ ಎಂದವನಲ್ಲವೇ, ಅಷ್ಟನ್ನೂ ತಿಂದು ಮುಗಿಸಿದೆ.