ಗುರುದೇವಿಯ ಸೂಜಿ, ಮರೆಮ್ಮನ ಕಿವಿ

ಸೇಡಂ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಚಹಾದಂಗಡಿಯ ಒಲೆ ಇನ್ನೂ ಹೊತ್ತಿಲ್ಲ. ಗುರುದೇವಿಯ ಮನೆಯ ಕಟ್ಟೆಯ ಮೇಲೆ ಮಾತ್ರ ಆಗಲೇ ತಾಯಿ ಮಗಳು ಬಂದು ಕೂತಿದ್ದಾರೆ. ಮಗಳು ಭುವನೇಶ್ವರಿ, ಕಾಳಗಿಯ ಕಾಲೇಜು ಹುಡುಗಿ. ಕಿವಿಯ ಮೇಲಂಚಿಗೆ ಎರಡು ತೂತು ಬೇಕೆಂದು ಹಟ ಹಿಡಿದು ನಿನ್ನೆ ಸಂಜೆಯೇ ತಾಯಿಯನ್ನು ಹೊರಡಿಸಿಕೊಂಡು ಬಂದಿದ್ದಾಳೆ. ರಾತ್ರಿ ನೆಂಟರ ಮನೆಯಲ್ಲಿ ಉಳಿದು, ಬೆಳಕು ಹರಿಯುವ ಮುಂಚೆ ಎದ್ದು ಬಂದಿದ್ದಾರೆ. ಮೇಲಂಚಿನ ಕಿವಿಯನ್ನು ಗುರುದೇವಿ ಚುಚ್ಚುವುದು ಹೊತ್ತು ಮೂಡುವಾಗ ಮಾತ್ರ ಎಂಬುದು ಈ ಕಡೆಯ ಹೆಂಗಸರಿಗೆಲ್ಲ ಗೊತ್ತು.

ಗುರುದೇವಿ ಹೊರಗೆ ಬರುತ್ತಾಳೆ. ನಲವತ್ತು ದಾಟಿದ ಗಟ್ಟಿಮುಟ್ಟು ಹೆಂಗಸು, ಹಣೆಯ ಮೇಲೆ ವಿಭೂತಿ. ಮೊಣಕೈವರೆಗೆ ಸಾಬೂನು ಹಚ್ಚಿ ಕೈ ತೊಳೆದು, ಒರೆಸಿ, ಕೈಗವಸು ಹಾಕಿಕೊಳ್ಳುತ್ತಾಳೆ. ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಗಲ್ಲ ಹಿಡಿದು ಮೆಲ್ಲಗೆ ತಿರುಗಿಸುತ್ತಾಳೆ. ಮೂಡಣದ ಬಿಸಿಲು ಕಿವಿಯ ಹಿಂದಿನಿಂದ ಬಿದ್ದದ್ದೇ ತಡ, ಅಲ್ಲಿಯವರೆಗೆ ಬರೀ ಕಿವಿಯಾಗಿದ್ದದ್ದು ಕೆಂಪು ದೀಪವಾಗುತ್ತದೆ. ಒಳಗಿನ ಸಣ್ಣ ಸಣ್ಣ ರಕ್ತನಾಳಗಳು ಅರಳಿ ಎಲೆಯ ನರಗಳಂತೆ ಕವಲೊಡೆದು ಕಾಣುತ್ತವೆ. ನೋಡುತ್ತ ನಿಂತ ತಾಯಿ ಬಾಯಿಯ ಮೇಲೆ ಕೈ ಇಟ್ಟುಕೊಳ್ಳುತ್ತಾಳೆ. ಹದಿನೆಂಟು ವರ್ಷ ಎಣ್ಣೆ ಹಚ್ಚಿ ತಲೆ ಬಾಚಿದ ಮಗಳ ಕಿವಿಯೊಳಗೆ ಇಂಥದ್ದೊಂದು ಇದೆಯೆಂದು ಅವಳು ಇವತ್ತೇ ನೋಡಿದ್ದು.

“ಇಲ್ಲಿ ನೋಡ್ರಿ, ಇವು ರಗತದ ಹಾದಿ,” ಎನ್ನುತ್ತಾಳೆ ಗುರುದೇವಿ, ಎರಡು ನಾಳಗಳ ನಡುವೆ ಪೆನ್ನಿನಿಂದ ಚುಕ್ಕಿ ಇಡುತ್ತ. “ಇವಕ್ಕ ಧಕ್ಕಿ ಹತ್ತಬಾರದು. ಟಾರ್ಚ್ ಹಿಡದ್ರೂ ಕಾಣ್ತಾವ. ಆದ್ರ ಎಳಿ ಬಿಸಲಿನ್ಯಾಗ ಕಂಡಂಗ ಕಾಣಂಗಿಲ್ಲ.”

ಪೊಟ್ಟಣ ಹರಿದು ಹೊಸ ಸೂಜಿ ತೆಗೆಯುತ್ತಾಳೆ. “ಉಸರು ಒಳಗ ತಗೋ, ತಂಗಿ. ಹಾಂ, ಈಗ ಬಿಡು.” ಹುಡುಗಿ ಕಣ್ಣು ಬಿಗಿಯಾಗಿ ಮುಚ್ಚಿ ಉಸಿರು ಬಿಡುತ್ತಾಳೆ. ಟಕ್ ಎಂದು, ಹಸಿ ಕಡ್ಡಿ ಮುರಿದಷ್ಟು ಸಣ್ಣ ಸದ್ದು. ಸ್ವಲ್ಪ ಹೊತ್ತಿನ ಮೇಲೆ ಹುಡುಗಿ ಅಂಜುತ್ತಲೇ ಕೇಳುತ್ತಾಳೆ: “ಯಾವಾಗ ಚುಚ್ತೀರಿ, ಅಕ್ಕಾರ?” ತಾಯಿ ನಕ್ಕುಬಿಡುತ್ತಾಳೆ. ಮೊದಲ ತೂತಿನ ಬೆಳ್ಳಿಯ ಸಣ್ಣ ಬಾಲಿ ಆಗಲೇ ಕಿವಿಯಲ್ಲಿದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯಲ್ಲಿ ಸಂತೆಯಿಂದ ಸಂತೆಗೆ ತಿರುಗಿ ಕಿವಿ ಚುಚ್ಚುವ ಗುರುದೇವಿಗೆ ಅಂಗಡಿಯಿಲ್ಲ, ಬೋರ್ಡಿಲ್ಲ. ಹೆಗಲಿಗೊಂದು ಚೀಲ, ಅಷ್ಟೇ. ಕಿವಿಯ ಹಾಲೆಯನ್ನು ಯಾರು ಬೇಕಾದರೂ ಚುಚ್ಚುತ್ತಾರೆ, ಬಂಗಾರದಂಗಡಿಯಲ್ಲಿ ಮಷಿನ್ ಒತ್ತಿ ಕಳಿಸುತ್ತಾರೆ. ಮೇಲಂಚಿನ ಮಿದು ಎಲುಬಿನ ಮಾತೇ ಬೇರೆ. ಅದು ಸಿಡಿದರೆ, ಕೀವಾದರೆ, ಕಿವಿಯ ಆಕಾರವೇ ಹೋಗುತ್ತದೆ. ಇದನ್ನು ಗುರುದೇವಿ ಕೇಳಿ ತಿಳಿದವಳಲ್ಲ. ಅವಳ ಕೈಯಿಂದಲೇ ಒಂದು ಕಿವಿ ಕೆಟ್ಟಿದೆ.

ಐನಾಪುರದ ರೈತರ ಮಗಳು ಗುರುದೇವಿ, ಮದುವೆಯಾಗಿ ಸೇಡಂಗೆ ಬಂದವಳು. ಗಂಡ ಅಮೃತಪ್ಪನಿಗೆ ಗೊಬ್ಬರದ ಅಂಗಡಿಯಲ್ಲಿ ಕೆಲಸ. ಅವಳು ಬೇಳೆ ಮಿಲ್ಲಿಗೆ ತೊಗರಿ ಆರಿಸಲು ಹೋಗುತ್ತಿದ್ದಳು. ಅಲ್ಲಿ ಪಕ್ಕದಲ್ಲಿ ಕೂತು ಆರಿಸುತ್ತಿದ್ದವಳು ಮರೆಮ್ಮ. ಮರೆಮ್ಮ ಮಾತಿನ ಮಲ್ಲಿ, ಗುರುದೇವಿ ಮಾತಿಗೆ ಜಿಪುಣಿ. ಅದು ಹೇಗೋ ಇಬ್ಬರಿಗೂ ಗೆಳೆತನ ಬೆಳೆಯಿತು. ಒಂದು ದಿನ ಮಿಲ್ಲಿಗೆ ಬೇಳೆ ಆರಿಸುವ ಯಂತ್ರ ಬಂತು. ಹೆಂಗಸರೆಲ್ಲ ಮನೆಗೆ ಬಂದರು. ಮರೆಮ್ಮ ಶಾಲೆಯ ಬಿಸಿಯೂಟದ ಅಡುಗೆಗೆ ಸೇರಿದಳು. ಗುರುದೇವಿಗೆ ಏನೂ ಸಿಗಲಿಲ್ಲ.

ಆ ದಿನಗಳಲ್ಲೇ ಶಹಾಬಾದಿನ ಸಂತೆಯಲ್ಲಿ ಬಳೆ ಮಾರುವ ಜೈತುನ್‌ಬೀಯನ್ನು ಅವಳು ನೋಡಿದ್ದು. ಮುದುಕಿಯ ಕಿವಿಯಂಚಿನ ತುಂಬ ಸಾಲಾಗಿ ಬಾಲಿಗಳು. ಬಳೆಯ ಜೊತೆ ಕಿವಿ ಚುಚ್ಚುವುದೂ ಅವಳ ಕಸುಬು. ಅವತ್ತು ಒಬ್ಬ ಹೆಂಗಸಿನ ಕಿವಿಯ ಮೇಲಂಚಿಗೆ ಬುಗುಡಿಯ ತೂತು ಹಾಕುತ್ತಿದ್ದಳು. ಗುರುದೇವಿ ಕೊಳ್ಳಬೇಕಾದ ಬಳೆ ಮರೆತು ನಿಂತುಬಿಟ್ಟಳು. “ಆ ಮುದುಕಿ ಕೈ ನಡಗತಿತ್ರಿ. ಸೂಜಿ ಹಿಡಿಯೋತನಕ ನಡಗತಿತ್ತು. ಸೂಜಿ ಹಿಡದ್ಲು, ನಡಗೋದು ನಿಂತೇ ಹೋತು. ದೇವರ ಆಟ ನೋಡಿದಂಗ ಆತು ನನಗ,” ಎಂದು ನೆನೆಯುತ್ತಾಳೆ.

ಕಲಿಸುತ್ತೀರಾ ಎಂದು ಕೇಳಿದಾಗ ಜೈತುನ್‌ಬೀ ಅವಳನ್ನು ಮೇಲಿಂದ ಕೆಳಗೆ ನೋಡಿದಳಂತೆ. “ನನ್ನ ಹೆಣ್ಣಮಕ್ಳೇ ಒಲ್ಲೆ ಅಂದ್ರು. ನೀ ಕಲೀತೀ? ಬಾ ಬೇಟಾ. ಆದ್ರ ಮದ್ಲ ಆಡಿನ ಕಿವಿ ಚುಚ್ಚಿ ಕಲೀಬೇಕು. ಮನಷ್ಯಾರ ಕಿವಿ ಆಮ್ಯಾಲ.”

ಕಟುಕರ ಅಂಗಡಿಯಿಂದ ತಂದ ಆಡಿನ ಕಿವಿ! ದಿನಾ ಇಷ್ಟಲಿಂಗ ಪೂಜೆ ಮಾಡುವ ಕೈ. ಮಾಂಸದ ಅಂಗಡಿಯ ಮುಂದೆ ಹಾಯುವಾಗ ಸೆರಗು ಮೂಗಿಗೆ ಹಿಡಿಯುವ ಮನೆತನ. ಗುರುದೇವಿ ಒಲ್ಲೆನೆಂದು ಎದ್ದು ಬಂದಳು. ಬಂದವಳು ಮರೆಮ್ಮನ ಮುಂದೆ ಅತ್ತಳು. ಮರೆಮ್ಮ ಬಾಯಲ್ಲಿದ್ದ ಎಲೆಯಡಿಕೆ ಉಗಿದು, ನಕ್ಕು, ಅಂದದ್ದು ಇಷ್ಟೇ: “ಆಡಿನ ಕಿವಿ ಮುಟ್ಟಂಗಿಲ್ಲ ಅಂದ್ರ ನನ್ನ ಕಿವಿ ಮುಟ್ಟು. ನಾ ಏನ್ ಮೈಲಿಗೇನು? ನನಗೂ ಬುಗುಡಿ ಹಾಕ್ಕೊಳ್ಳೋದು ಅದ.”

ಜೈತುನ್‌ಬೀ ಬೇಡವೆಂದಳು. ಇಬ್ಬರೂ ಕೇಳಲಿಲ್ಲ. ಮರೆಮ್ಮನ ಮನೆಯ ಹಿತ್ತಲಿನಲ್ಲಿ, ಮುದುಕಿಗೆ ಹೇಳದೆ, ಕೈ ಪಳಗಿಸಲೆಂದು ಅವಳು ಕೊಟ್ಟಿದ್ದ ಸೂಜಿಗಳಲ್ಲೊಂದನ್ನು ಗುರುದೇವಿ ಗೆಳತಿಯ ಎಡಗಿವಿಗೆ ಇಟ್ಟಳು. ಸೂಜಿ ಅರ್ಧ ಹೋಗಿತ್ತು. ಮರೆಮ್ಮ “ಸ್ಸ್” ಎಂದಳು. ಆ ಒಂದು ಸದ್ದಿಗೆ ಗುರುದೇವಿಯ ಕೈ ನಿಂತುಹೋಯಿತು. ನಿಂತ ಕೈಯನ್ನು ಮತ್ತೆ ಒತ್ತುವಾಗ ಸೂಜಿ ಸೊಟ್ಟ ಹೋಯಿತು.

ನಾಲ್ಕೈದು ದಿನಕ್ಕೆ ಕಿವಿ ಬಾತು ಬದನೆಕಾಯಿಯಾಯಿತು. ಜ್ವರ ಬಂತು. ಕಲಬುರಗಿಯ ಆಸ್ಪತ್ರೆಯಲ್ಲಿ ಕೊಯ್ದು ಕೀವು ತೆಗೆದರು. ಮರೆಮ್ಮ ಉಳಿದಳು, ಕಿವಿಯ ಮೇಲಿನ ಬಾಗು ಉಳಿಯಲಿಲ್ಲ. ಒಣಗಿದ ಎಲೆಯಂತೆ ಮುದುಡಿಕೊಂಡಿತು. ಮರೆಮ್ಮನ ಗಂಡ ಬೀರಲಿಂಗ ವಾಡಿಯ ಕಡೆ ಕಲ್ಲಿನ ಗಣಿಯಲ್ಲಿ ದುಡಿಯುವವನು. ಒಂದು ಮುಂಜಾನೆ ಗುರುದೇವಿಯ ಬಾಗಿಲಿಗೆ ಬಂದು ನಿಂತ. ಕೂಗಾಡಲಿಲ್ಲ. “ನಮ್ಮಾಕಿ ಕಿವಿ ಇನ್ನ ಮದ್ಲಿನಂಗ ಆಗಂಗಿಲ್ಲಂತ. ನೀವು ಇನ್ನೊಬ್ಬರ ಕಿವಿ ಮುಟ್ಟಬ್ಯಾಡ್ರಿ ಅಕ್ಕಾರ,” ಎಂದು ಹೇಳಿ ಹೋದ. “ಅಂವ ಬೈದಿದ್ರ ಛಲೋ ಇತ್ತು,” ಎನ್ನುತ್ತಾಳೆ ಗುರುದೇವಿ. ಆ ಮಾತು ಹೇಳುವಾಗ ಇವತ್ತಿಗೂ ಅವಳು ತಲೆ ಎತ್ತುವುದಿಲ್ಲ.

ಸೂಜಿಗಳನ್ನು ತಿರುಗಿ ಕೊಡಲು ಶಹಾಬಾದಿಗೆ ಹೋದಳು. ಮುದುಕಿ ಎಲ್ಲವನ್ನೂ ಕೇಳಿಸಿಕೊಂಡು ಅಂದಳು: “ಅಕಿಗಿ ಬ್ಯಾನಿ ಆಗ್ತದಂತ ನಡುವ ನಿಂತಿ ಅಲ್ಲಾ? ನಿಂತಿದ್ದಕ್ಕೇ ಬ್ಯಾನಿ ಆತು. ಪ್ರೀತಿ ಇದ್ದಲ್ಲಿ ಕೈ ನಿಂದ್ರಬಾರದು, ಬೇಟಾ. ಇದನ್ನ ಬಿಟ್ಟು ಹೋಗ್ತಿದ್ರ ಹೋಗು. ಆದ್ರ ಆ ಪೋರಿ ಕಿವಿ ಖಾಲಿ ಪುಕಟ ಹೋತು ಅಂತ ತಿಳ್ಕೊ.”

ಆ ಕೊನೆಯ ಮಾತು ಗುರುದೇವಿಯನ್ನು ರಾತ್ರಿಯೆಲ್ಲ ಮಲಗಗೊಡಲಿಲ್ಲ. ಮರುದಿನ ಗಂಡನಿಗೆ ಎಲ್ಲ ಹೇಳಿ, ಆಡಿನ ಕಿವಿಯಿಂದಲೇ ಕಲಿಯುತ್ತೇನೆ ಎಂದಳು. “ಹೋಗಿ ಬಂದ ಮ್ಯಾಲ ಮೈ ತೊಳ್ಕೊಂಡು ಒಳಗ ಬಾ,” ಎಂದ ಅಮೃತಪ್ಪ. ಅಷ್ಟೇ ಅವನ ಒಪ್ಪಿಗೆ. ಅತ್ತೆ ಒಪ್ಪಲಿಲ್ಲ, ಬಹಳ ದಿನ ಸೊಸೆಯ ಕೈಯ ನೀರು ಮುಟ್ಟಲಿಲ್ಲ. ಆ ವಿಷಯವನ್ನು ಅತ್ತೆ ಸೊಸೆ ಇಬ್ಬರೂ ಈಗಲೂ ಎತ್ತುವುದಿಲ್ಲ.

ಶಹಾಬಾದಿನ ಮಾಂಸದಂಗಡಿಯ ತೌಹೀದ ಆಡಿನ ಕಿವಿಗಳನ್ನು ಚೊಕ್ಕ ತೊಳೆದು, ಕಾಗದದಲ್ಲಿ ಸುತ್ತಿ, ಜೈತುನ್‌ಬೀಯ ಅಂಗಳಕ್ಕೆ ತಂದಿಡುತ್ತಿದ್ದ. ಗುರುದೇವಿ ಅಂಗಡಿಯ ಮುಂದೆ ನಿಲ್ಲುವ ಪ್ರಸಂಗವೇ ಬರಲಿಲ್ಲ. ಹಾಗೆ ಮಾಡಲು ಅವನಿಗೆ ಯಾರೂ ಹೇಳಿರಲಿಲ್ಲ. “ಮದ್ಲನೇ ದಿನ ವಾಂತಿ ಮಾಡ್ಕೊಂಡೆ. ಆ ಮೂಕ ಪ್ರಾಣಿಗಿ ಕೈ ಮುಗದು, ತಪ್ಪಾತು ಅಂತ ಹೇಳಿ ಚುಚ್ಚತಿದ್ದೆ,” ಎನ್ನುತ್ತಾಳೆ. ವಾರಕ್ಕೆರಡು ದಿನ ರೈಲು ಹಿಡಿದು ಹೋಗಿ ಬಂದಳು. ಕೈ ಕಲಿತದ್ದು ಮುದುಕಿಯಿಂದ. ಕೈಗವಸು, ಪ್ರತಿ ಕಿವಿಗೂ ಹೊಸ ಸೂಜಿ, ಚುಚ್ಚಿದ ಮೇಲೆ ಉಪ್ಪುನೀರಿನ ಉಪಚಾರ, ಇದೆಲ್ಲ ಕಲಿತದ್ದು ಊರಿನ ಆರೋಗ್ಯ ಕೇಂದ್ರದ ಸಿಸ್ಟರ್ ರಾಜೇಶ್ವರಿಯಿಂದ. ಎರಡನ್ನೂ ಕೂಡಿಸಿಕೊಂಡಳು. ಒಂದು ವರ್ಷ ಮನುಷ್ಯರ ಕಿವಿಯ ಹತ್ತಿರ ಸುಳಿಯಲಿಲ್ಲ.

ಅಷ್ಟು ದಿನ ಮರೆಮ್ಮನ ಮುಖ ನೋಡುವ ಧೈರ್ಯವೂ ಅವಳಿಗೆ ಇರಲಿಲ್ಲ. ದಾರಿಯಲ್ಲಿ ಕಂಡರೆ ಓಣಿ ತಿರುಗುತ್ತಿದ್ದಳು. ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ಅಂಗಳ ಗುಡಿಸಲು ಬಾಗಿಲು ತೆರೆದರೆ, ಕಟ್ಟೆಯ ಮೇಲೆ ಮರೆಮ್ಮ ಕೂತಿದ್ದಾಳೆ. ಹಿಂದೆ ಬೇವಿನ ಮರದ ಕೆಳಗೆ ಬೀರಲಿಂಗ ಬೀಡಿ ಸೇದುತ್ತ ನಿಂತಿದ್ದಾನೆ.

“ಮುದುಕಿ ಹೇಳಿ ಕಳಿಸ್ಯಾಳ, ನಿನ್ನ ಕೈ ಪಳಗಿ ಕುಂತದಂತ,” ಎಂದಳು ಮರೆಮ್ಮ. ಮುಡಿ ಒಂದು ಕಡೆ ಸರಿಸಿ, ಬಲಗಿವಿ ಮುಂದೆ ಮಾಡಿದಳು. “ಚುಚ್ಚು.”

ಆಗಲ್ಲ, ನನ್ನಿಂದ ಆಗಲ್ಲ, ಎಂದು ಗುರುದೇವಿ ಗೋಡೆ ಹಿಡಿದಳು. ಮರೆಮ್ಮ ಕದಲಲಿಲ್ಲ. “ನಾ ಸಾಲಿಗಿ ಹೋಗಬೇಕು, ಅನ್ನಕ್ಕಿಡಬೇಕು. ಜಲ್ದಿ ಮಾಡು. ನೀ ಒಬ್ಬರಿಗರೇ ಮದ್ಲ ಚುಚ್ಚಬೇಕಲ್ಲ? ಆ ಒಬ್ಬರು ನಾನೇ ಇರ್ತೀನಿ. ಇನ್ನೊಬ್ಬರು ಯಾಕ ಅಂಜಬೇಕು?”

ಆ ಕ್ಷಣವನ್ನು ವರ್ಣಿಸಲು ಗುರುದೇವಿ ಇವತ್ತಿಗೂ ಪದ ಹುಡುಕುತ್ತಾಳೆ. ಆಚೆ ಬದಿಗೆ ಮುದುಡಿದ ಎಡಗಿವಿ ಇದೆ. ಆ ಕಿವಿ ಹೊತ್ತವಳೇ ಇನ್ನೊಂದನ್ನು ಅದೇ ಕೈಗೆ ಕೊಟ್ಟು, ತೊಡೆಯ ಮೇಲೆ ಕೈ ಬಿಟ್ಟು ಆರಾಮಾಗಿ ಕೂತಿದ್ದಾಳೆ. “ಗುಡಿಯೊಳಗ ನಿಂತಂಗ ಆತ್ರಿ. ಮೈಮ್ಯಾಲ ಮುಳ್ಳು ಎದ್ವು. ಇಷ್ಟು ನಂಬಿಗಿ ನನ್ನ ಮ್ಯಾಲ ನನಗೇ ಇದ್ದಿಲ್ಲ.” ಕೈ ತೊಳೆದು ಬಂದಳು. ಬಿಸಿಲಿಗೆ ಕಿವಿ ತಿರುಗಿಸಿ ಚುಕ್ಕಿ ಇಟ್ಟಳು. ಮರೆಮ್ಮ ಈ ಸಲವೂ “ಸ್ಸ್” ಎಂದಳು. ಕೈ ನಿಲ್ಲಲಿಲ್ಲ. ಒಂದು ಹನಿ ರಕ್ತ ಬರಲಿಲ್ಲ. ಕೆಲಸ ಮುಗಿದ ಮೇಲೆ ಗುರುದೇವಿ ನೆಲಕ್ಕೆ ಕುಸಿದು ಕೂತು ಅತ್ತದ್ದನ್ನು ಮರೆಮ್ಮ ಈಗಲೂ ಮಾಡಿ ತೋರಿಸಿ ನಗುತ್ತಾಳೆ. ಬೀರಲಿಂಗ ಹತ್ತಿರ ಬಂದು, ಹೆಂಡತಿಯ ಕಿವಿ ಹಿಂದೆ ಮುಂದೆ ನೋಡಿ ಕೆಲಸಕ್ಕೆ ಹೋದನಂತೆ. ಮರುವಾರ ತಂಗಿಯ ಮಗಳನ್ನು ಕರೆದುಕೊಂಡು ಬಂದ.

ಈಗ ಸಂತೆಯ ದಿನ ಹತ್ತು ಹನ್ನೆರಡು ಕಿವಿಗಳು ಬರುತ್ತವೆ. ಮೊಬೈಲಿನಲ್ಲಿ ಫೋಟೋ ತೋರಿಸಿ ಸಾಲು ತೂತು ಕೇಳುವ ಹುಡುಗಿಯರೇ ಹೆಚ್ಚು. ಎಲ್ಲವೂ ಹೊಸ ಫ್ಯಾಷನ್ ಎಂದು ಅವರು ತಿಳಿದಿದ್ದಾರೆ. ಅವರ ಅಜ್ಜಿಯರು ಅದೇ ಜಾಗದಲ್ಲಿ ಬುಗುಡಿ ಹಾಕುತ್ತಿದ್ದರೆಂದು ಗುರುದೇವಿ ಹೇಳಿದರೆ ನಂಬುವುದಿಲ್ಲ. ಬಾತ ಕಿವಿ, ಸಕ್ಕರೆ ಕಾಯಿಲೆ, ಅಂಜಿಕೆ ಕಂಡರೆ ಚುಚ್ಚದೆ ತಿರುಗಿ ಕಳಿಸುತ್ತಾಳೆ. ನಿಮ್ಮ ಕೈಯಲ್ಲಿ ಯಾರ ಕಿವಿಯಾದರೂ ಕೆಟ್ಟಿದೆಯೇ ಎಂದು ಯಾರಾದರೂ ಕೇಳಿದರೆ, ಕೆಟ್ಟಿದೆ ಎನ್ನುತ್ತಾಳೆ, ಯಾರದೆಂದೂ ಹೇಳುತ್ತಾಳೆ. ಕೇಳಿ ಎದ್ದುಹೋದವರೂ ಇದ್ದಾರೆ.

ಜೈತುನ್‌ಬೀಗೆ ಈಗ ಕಣ್ಣು ಕಾಣುವುದಿಲ್ಲ. ಹೋದಾಗಲೆಲ್ಲ ಗುರುದೇವಿಯ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾಳೆ.

ಭುವನೇಶ್ವರಿ ಮತ್ತು ಅವಳ ತಾಯಿ ಹೊರಟ ಮೇಲೆ ಗುರುದೇವಿ ಕಟ್ಟೆ ಒರೆಸುತ್ತಾಳೆ. ನಿಮಗೇನು ಆಸೆ ಎಂದು ಕೇಳಿದರೆ ನಾಚಿ ನಗುತ್ತಾಳೆ. ಅವಳ ಕಿವಿಯ ಹಾಲೆಯಲ್ಲಿ ಓಲೆಗಳಿವೆ, ಮೇಲಂಚು ಬೋಳು. ಬುಗುಡಿ ಹಾಕಿಕೊಳ್ಳಬೇಕೆಂಬ ಆಸೆ. ಕಲಬುರಗಿಗೆ ಹೋದರೆ ಚುಚ್ಚುವವರು ಸಿಗುತ್ತಾರೆ, ಹೋಗಲು ಮನಸ್ಸಿಲ್ಲ.

“ಮರೆಮ್ಮ ಕಲೀಲಿಕತ್ಯಾಳ್ರಿ. ಸಾಲಿ ಸೂಟಿ ಇದ್ದಾಗ ಬಂದು ನನ್ನ ಸಂಗಾಟ ಕುಂದ್ರತಾಳ. ಕೈ ಇನ್ನೂ ಹತ್ತಿಲ್ಲ, ಭಾಳ ಮಾತಾಡ್ತಾಳ,” ಎಂದು, ತನ್ನ ಕಿವಿಯಂಚನ್ನು ಬೆರಳಿಂದ ಸವರಿಕೊಳ್ಳುತ್ತಾಳೆ. “ಇದನ್ನ ಅಕಿಗಂತ ಇಟ್ಟೀನಿ. ಕೆಟ್ಟರ ಕೆಡ್ಲಿ ಬಿಡ್ರಿ, ಅಕಿ ಕೈಲೇ ಕೆಡ್ಲಿ.”